ಹೋಲ್ಡಾನ್ ಅಂದರೆ

ಕಂಬಿಯ ಬಣ್ಣ ಒಂದು ಕಡೆ ಎದ್ದಿದೆ, ಹೆಬ್ಬೆರಳ ಹತ್ತಿರ, ಉಗುರಿನಲ್ಲಿ ಕೆರೆದರೆ ಪೂರ್ತಿ ಬರುತ್ತದೆ, ಕೆರೆಯಬಾರದು, ಬೆರಳು ಅಲ್ಲಾಡಿದರೆ ಮೇಡಂಗೆ ಮೇಜಿನಿಂದಲೇ ಗೊತ್ತಾಗುತ್ತದೆ, ಹುಡುಗಿಗೆ ಬೆನ್ನಲ್ಲೂ ಕಣ್ಣು — ಅಮ್ಮಾ ಸುಮ್ನೆ ಹಿಡ್ಕೊಂಡಿರಿ, ಇದೊಂದು ಬರೆದು ಬಂದ್ಬಿಡ್ತೀನಿ — ಏನು ಬರೆಯುತ್ತಿದ್ದಾಳೋ, ನನ್ನ ಚೀಟಿಯೋ ಬೇರೆ ಯಾರದೋ, ಪೆನ್ನು ನಿಂತಿತು, ಮತ್ತೆ ಹೊರಟಿತು, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಆದರೂ ಮೇಡಂ ಅನ್ನುತ್ತೇನೆ, ಹೆಗಲಿಗೆ ವ್ಯಾಯಾಮ ಮಾಡಿಸುವವಳು, ಹೆಗಲು ಅವಳ ಕೈಯಲ್ಲಿರುವಾಗ ಇನ್ನೇನು ಅನ್ನಲಿ. ಈ ವ್ಯಾಯಾಮದ ಕೋಣೆಯ ಕಂಬಿ ಗೋಡೆಗೆ ಕೂರಿಸಿದ್ದು, ಬಸ್ಸಿನ ಕಂಬಿಗಿಂತ ನಾಲ್ಕು ಬೆರಳು ಎತ್ತರ, ತಣ್ಣಗಿದೆ, ಬಸ್ಸಿನದು ಎಂದೂ ತಣ್ಣಗಿರುವುದಿಲ್ಲ, ಹತ್ತು ಜನರ ಬೆವರು ಅದಕ್ಕೆ. ಹದಿನೆಂಟು ವರ್ಷ ಕಂಡಕ್ಟರು ನಾನು, ಬಲಗೈ ಕಂಬಿಗೆ, ಎಡಗೈ ಟಿಕೆಟಿಗೆ, ಬಾಯಿ ಎಲ್ಲರಿಗೆ. ಆ ದಿನವೂ ಬಲಗೈ ಹೀಗೇ ಮೇಲಿತ್ತು, ಒಂಬತ್ತರ ಟ್ರಿಪ್ಪು, ಉಸಿರಾಡಲು ಜಾಗವಿಲ್ಲ, ಒಳಗೆ ಹೋಗಿ ಒಳಗೆ ಹೋಗಿ ಎಂದು ಎಲ್ಲರನ್ನೂ ಅಟ್ಟಿ ನಾನು ಮುಂಬಾಗಿಲ ಹತ್ತಿರ ನಿಂತಿದ್ದೆ, ಮೂಕಣ್ಣ ಬ್ರೇಕ್ ಒತ್ತಿದ. ಮೂಕಣ್ಣ ನಮ್ಮ ಡ್ರೈವರು, ಹನ್ನೊಂದು ವರ್ಷದಿಂದ ನಾವಿಬ್ಬರೂ ಒಂದೇ ಬಸ್ಸು, ದಿನಕ್ಕೆ ಹನ್ನೊಂದು ಮಾತಾಡಿದ್ದರೆ ಹೆಚ್ಚು, ಅದಕ್ಕೇ ಡಿಪೋದವರು ಇಟ್ಟ ಹೆಸರು, ನನ್ನನ್ನು ಸೀಟಿಯಮ್ಮ ಅನ್ನುತ್ತಾರೆ — ಜನರೆಲ್ಲ ಒಬ್ಬರ ಮೇಲೊಬ್ಬರು ಮುಂದಕ್ಕೆ, ನಾನೂ ಮುಂದಕ್ಕೆ, ಕೈ ಮಾತ್ರ ಬರಲಿಲ್ಲ. ಒಳಗೆ ಟಕ್ ಎಂದು ಒಂದು ಸದ್ದು, ನನಗೊಬ್ಬಳಿಗೇ ಕೇಳಿದ್ದು, ತಿರುಗಿ ನೋಡುತ್ತೇನೆ, ಕೈ ಮೇಲಿದೆ, ಐದು ಬೆರಳು ಕಂಬಿಯ ಸುತ್ತ, ಯಾರದೋ ಕೈ, ಯಾರೋ ಮರೆತು ಇಳಿದು ಹೋದ ಕೈ. ಆಮೇಲೆ ನೋವು ಬಂತು, ಜೀವ ಬಾಯಿಗೆ ಬಂತು.

ಬ್ರೇಕ್ ಒತ್ತಿದ್ದು ಬಾತುಕೋಳಿಗಳಿಗೆ. ಸಾಲಾಗಿ ರಸ್ತೆ ದಾಟುತ್ತಿದ್ದವಂತೆ, ಏಳು, ಒಂದಕ್ಕೂ ಗಾಯವಿಲ್ಲ, ಸಂತೋಷ. ಜನ ಕೈ ಕೊಟ್ಟಿತು ಅನ್ನುತ್ತಾರೆ, ನನ್ನ ಕೈ ಕೈಕೊಡಲಿಲ್ಲ, ಹಿಡಿದದ್ದನ್ನು ಹಿಡಿದೇ ಇತ್ತು, ಕೈಕೊಟ್ಟಿದ್ದು ಹೆಗಲು. ಕೀಲು ಕೂರಿಸಿದ ಡಾಕ್ಟರು ಅವತ್ತೇ ಹೇಳಿದ್ದರು, ಒಂದ್ ಸಲ ತಪ್ಪಿದ ಕೀಲು ಮತ್ತೆ ತಪ್ಪೋಕೆ ನೆಪ ಕಾಯ್ತಿರುತ್ತೆ, ಸುತ್ತ ಇರೋ ಸ್ನಾಯು ಗಟ್ಟಿ ಆಗ್ಬೇಕು, ಇಲ್ಲಾಂದ್ರೆ ನಿಂತು ಮಾಡೋ ಕೆಲಸ ಮರ್ತುಬಿಡಿ. ನಾಲ್ಕು ತಿಂಗಳ ರಜೆ ಇವತ್ತಿಗೆ ಮುಗಿಯುತ್ತದೆ, ಸಂಜೆ ಐದರೊಳಗೆ ಮೇಡಂ ಚೀಟಿಯಲ್ಲಿ ಕೈ ಕಂಬಿಯ ಮೇಲೆ ನಿಲ್ಲುತ್ತದೆ ಎಂದು ಬರೆದುಕೊಟ್ಟರೆ ಬಸ್ಸು, ಇಲ್ಲದಿದ್ದರೆ ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೋಣೆ, ಖಾಯಂ — ಕೂತ್ಕೊಂಡ್ ಮಾಡೋ ಕೆಲ್ಸ ಕಣ್ರೀ, ಪುಣ್ಯ ಮಾಡಿರ್ಬೇಕು ಎಂದರು ಡಿಪೋ ಸಾಹೇಬರು, ಪುಣ್ಯವಂತೆ ಪುಣ್ಯ, ಆ ಕೋಣೆ ನೋಡಿದ್ದೇನೆ, ಕಿಟಕಿ ತೆಗೆದರೆ ಪಕ್ಕದ ಗೋಡೆ, ಛತ್ರಿಗಳ ರಾಶಿ, ಒಂಟಿ ಚಪ್ಪಲಿಗಳು, ಗಾಜಿನ ಭರಣಿಯಲ್ಲಿ ಯಾರದೋ ಹಲ್ಲಿನ ಸೆಟ್ಟು, ದಿನವೆಲ್ಲಾ ನನ್ನನ್ನೇ ನೋಡಿ ನಗುತ್ತಾ ಕೂರುತ್ತದೆ, ಬೈಯಲು ಒಂದು ನರಪಿಳ್ಳೆ ಇಲ್ಲ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ, ಆ ಕೋಣೆಯಲ್ಲಿ ಬಾಯಿ ಇಟ್ಟುಕೊಂಡು ಏನು ಮಾಡಲಿ. ನನಗೆ ಬಸ್ಸು ಬೇಕು. ಹಟವಲ್ಲ, ಅಲ್ಲಿ ನಾನು ಇದ್ದೇನೆ ಅನಿಸುತ್ತದೆ, ಅಷ್ಟೇ.

ಮೇಡಂ ಎದ್ದಳೇ, ಇಲ್ಲ, ಡ್ರಾಯರು ಎಳೆದಳು. ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ, ಎಲ್ಲ ನನ್ನವೇ, ಬೆರಳುಗಳನ್ನು ಜೇಡನ ಹಾಗೆ ಗೋಡೆ ಹತ್ತಿಸಿ ಎಲ್ಲಿ ನಿಂತಿತೋ ಅಲ್ಲಿ ಗೆರೆ ಎಳೆದು ತಾರೀಖು ಹಾಕುತ್ತಿದ್ದಳು, ಮೊದಲನೆಯದು ಸೊಂಟದಿಂದ ಒಂದು ಗೇಣು, ಅವತ್ತು ಅತ್ತಿದ್ದೆ, ನಾಚಿಕೆಯಿಲ್ಲದೆ ಅತ್ತಿದ್ದೆ. ಜೋಳಿಗೆಯಲ್ಲಿ ಮೂರು ವಾರ ಕಟ್ಟಿಟ್ಟ ಕೈ, ಬಗ್ಗಿ ನಿಂತು ಅದನ್ನು ಗಡಿಯಾರದ ಲೋಲಕದಂತೆ ಆಡಿಸುವುದು, ಆಮೇಲೆ ಮೊಣಕೈ ಪಕ್ಕೆಗೆ ಒತ್ತಿ, ನಡುವೆ ಸುತ್ತಿದ ಟವೆಲ್ಲು, ರಬ್ಬರ್ ಪಟ್ಟಿ ಹೊರಕ್ಕೆ ಎಳೆಯುವುದು, ಟವೆಲ್ಲು ಬೀಳಬಾರದು, ಬಿದ್ದರೆ ಮೊದಲಿನಿಂದ. ಆಮೇಲೆ ಕೈ ಪಕ್ಕಕ್ಕೆ ಎತ್ತುವುದು — ಅಯ್ಯೋ ಅದನ್ನು ನೆನೆದರೆ ಈಗಲೂ ನಗು, ನಗಬಾರದು, ಕಂಬಿ. ಮೇಡಂ ಹೇಳಿದಳು, ಎತ್ತಿ, ಎತ್ತಿ, ಹಾಂ, ಹೋಲ್ಡಾನ್, ನಾನು ತಕ್ಷಣ ಇಳಿಸಿದೆ. ಮತ್ತೆ ಎತ್ತಿ, ಹೋಲ್ಡಾನ್, ಇಳಿಸಿದೆ. ಪಾಪ ನೋವಿರಬೇಕು ಎಂದುಕೊಂಡಳು, ಮನೇಲಿ ದಿನಕ್ಕೆ ಮೂರು ಸಲ ಮಾಡಿ ಅಂದಳು, ಮನೆಯಲ್ಲಿ ಹೇಳಿಕೊಡುವ ಕೆಲಸ ಅತ್ತೆಯವರು ವಹಿಸಿಕೊಂಡರು, ಅಡುಗೆ ಮನೆಯಿಂದಲೇ ಕೂಗುತ್ತಿದ್ದರು, ಎತ್ತೇ, ಹೋಲ್ಡಾನ್, ನಾನು ದಬಕ್ಕನೆ ಇಳಿಸುತ್ತಿದ್ದೆ, ಹದಿನೆಂಟು ವರ್ಷ ನಾನೇ ಕೂಗಿದ ಮಾತಲ್ಲವೇ, ಹೋಲ್ಡಾನ್ ಅಂದರೆ ನಿಲ್ಲಿಸು, ರೈಟ್ ಅಂದರೆ ಹೊರಡು, ಹೋಲ್ಡಾನ್ ಅಂದ ಮೇಲೆ ಒಂದಡಿ ಮುಂದೆ ಹೋದರೆ ಡ್ರೈವರನ ಗ್ರಹಚಾರ ಬಿಡಿಸುತ್ತಿದ್ದೆ. ಮೂರು ವಾರ ಹೀಗೇ. ಮೂರು ವಾರದ ಮೇಲೆ ಮೇಡಂ ಅಳೆದು ನೋಡಿದರೆ ಬಲವೇ ಬಂದಿಲ್ಲ, ಹೆಗಲ ಮೇಲಿನ ಮಾಂಸ ಇಳಿದಿದ್ದು ಇಳಿದೇ ಇದೆ, ಅವಳ ಮುಖ ಸಪ್ಪಗಾಯಿತು, ನರಕ್ಕೇನಾದ್ರೂ ಏಟಾಗಿದ್ಯೋ ಏನೋ ಅಮ್ಮ, ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದಳು, ನನಗೆ ಆ ಹಲ್ಲಿನ ಸೆಟ್ಟು ಕಣ್ಣ ಮುಂದೆ ಬಂತು. ಕೊನೆಗೆ ಅವಳೇ ಅಂದಳು, ಎಲ್ಲಿ ಇನ್ನೊಂದ್ಸಲ ಮಾಡಿ ನೋಡೋಣ, ಎತ್ತಿ, ಹೋಲ್ಡಾನ್ — ಯಾಕಮ್ಮ ಇಳಿಸಿದ್ರಿ? ನೀವೇ ಹೋಲ್ಡಾನ್ ಅಂದ್ರಲ್ಲ ಮೇಡಂ. ಹೋಲ್ಡಾನ್ ಅಂದ್ರೆ ಅಲ್ಲೇ ಹಿಡ್ಕೊಂಡಿರಿ ಅಂತ, ಹತ್ತು ಎಣಿಸೋವರೆಗೂ! ಯಾವ ಊರಿನ ಹೋಲ್ಡಾನ್ ಮೇಡಂ ಅದು, ಹೋಲ್ಡಾನ್ ಅಂದ್ರೆ ನಿಲ್ಸು! ಮೇಡಂ ವ್ಯಾಯಾಮದ ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ನಕ್ಕಳು, ನಕ್ಕು ನಕ್ಕು ಚೆಂಡಿನಿಂದ ಜಾರಿ ನೆಲಕ್ಕೆ ಬಂದಳು, ನನಗೆ ಮೊದಲು ಸಿಟ್ಟು, ಆಮೇಲೆ ಹೋದ ಜೀವ ಬಂದಂತಾಯಿತು, ನರಕ್ಕೇನೂ ಆಗಿಲ್ಲ, ಕೈ ಸೋಮಾರಿಯಲ್ಲ, ಹೇಳಿದ ಮಾತು ಚಾಚೂ ತಪ್ಪದೆ ಕೇಳಿದೆ ಅಷ್ಟೇ. ಅವತ್ತಿನಿಂದ ಅವಳು ಹಿಡ್ಕೊಳ್ಳಿ ಅನ್ನುತ್ತಾಳೆ.

ಅತ್ತೆಯವರು ಮಾತ್ರ ಒಪ್ಪಲಿಲ್ಲ, ನಾನು ಸರಿಯಾಗೇ ಹೇಳಿದ್ದೆ, ನೀನೇ ಕೆಟ್ಟ ವಿದ್ಯಾರ್ಥಿ ಅಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಗಾದೆ ನಮ್ಮ ಮನೆಗೆ ಬಂದಿಲ್ಲ, ನಮ್ಮಲ್ಲಿ ಇಬ್ಬರದೂ ಒಟ್ಟಿಗೇ ನಡೆಯುತ್ತಿದೆ, ಬೆಳಿಗ್ಗೆ ಬಾಗಿಲು ತೆಗೆಯುವುದರಿಂದ ಶುರು. ಕೈ ಕಟ್ಟಿ ಹಾಕಿದ ಮೇಲೆ ತಲೆ ಬಾಚುವುದೇ ದೊಡ್ಡ ಕಷ್ಟ, ಯಜಮಾನರು ಒಂದು ದಿನ ಪ್ರಯತ್ನಪಟ್ಟರು, ಜಡೆ ಕಿವಿಯ ಮೇಲೆ ಬಂದು ಕೂತಿತು, ಅತ್ತೆ ಬಾಚಣಿಗೆ ಕಿತ್ತುಕೊಂಡರು, ಸರಿ ಆ ಕಡೆ, ಹೆಣ್ಮಕ್ಕಳ ತಲೆ ಅಂದ್ರೆ ಹಗ್ಗ ಅಂದ್ಕೊಂಡ್ಯಾ. ಎಳೆದು ಎಳೆದು ಕಣ್ಣಲ್ಲಿ ನೀರು ಬರಿಸುತ್ತಿದ್ದರು, ಬೇಕಂತಲೇ ಎಳೆಯುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ, ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ, ಮನೆಯಲ್ಲಿ ಕೂತವಳಿಗೆ ಬೇರೇನು ಯೋಚನೆ. ಒಂದು ದಿನ ಬಾಚಣಿಗೆ ನಿಂತಿತು. ರವಿಕೆಯ ಮೇಲಿಂದ ಅವರ ಕೈ ನನ್ನ ಹೆಗಲ ಗುಳಿಗೆ ಬಂತು, ಎಲುಬೇ ಸಿಗ್ತಿದ್ಯಲ್ಲೇ ಅಂದರು, ಇಪ್ಪತ್ತಮೂರು ವರ್ಷದಲ್ಲಿ ನನ್ನನ್ನು ಹಾಗೆ ಮುಟ್ಟಿರಲಿಲ್ಲ, ಎಣ್ಣೆ ತಂದು ತಿಕ್ಕಿದರು, ಬೇಗ ಕೆಲಸಕ್ಕೆ ಹೋಗೇ ಮಾರಾಯ್ತಿ, ನೀನು ಹಗಲೆಲ್ಲಾ ಮನೇಲಿದ್ರೆ ಸಂಜೆಗೆ ಜಗಳ ಆಡೋಕೆ ವಿಷಯವೇ ಉಳಿಯಲ್ಲ ಅಂದರು. ಹೋದ ವಾರ ನಾನೇ ಜಡೆ ಹಾಕಿಕೊಂಡೆ, ಎರಡೂ ಕೈ ತಲೆಯ ಹಿಂದೆ, ಕೊನೆಯವರೆಗೂ, ಹೋಗಿ ಅವರ ಮುಂದೆ ನಿಂತೆ. ನೋಡಿದರು. ಸೊಟ್ಟಗಿದೆ ಅಂದರು, ಬಿಚ್ಚಿ ಮತ್ತೆ ಹಾಕಿದರು, ಆ ಸಲ ಎಳೆಯಲಿಲ್ಲ.

ಕುರ್ಚಿ ಸರಿದ ಸದ್ದು, ಬಂದಳು. ಕಣ್ಣು ಮುಚ್ಕೊಳ್ಳಿ ಅಮ್ಮ, ತಳ್ತೀನಿ, ಯಾವಾಗ ಅಂತ ಹೇಳಲ್ಲ, ಯಾವ ಕಡೆಯಿಂದ ಅಂತಾನೂ ಹೇಳಲ್ಲ, ನಿಮ್ಮ ಡ್ರೈವರ್ ಹೇಳಿ ಬ್ರೇಕ್ ಹಾಕ್ತಾರಾ? ಗೊತ್ತು, ಇದೇ ಪರೀಕ್ಷೆ, ಹೋದ ವಾರ ಇದರಲ್ಲೇ ನಪಾಸಾದೆ, ಅವಳು ತಳ್ಳುವ ಮೊದಲೇ ಕೈ ಕಂಬಿಯಿಂದ ಹಾರಿ ಎದೆಗೆ ಬಂದಿತ್ತು, ಕೀಲಿಗೇನೂ ಆಗಿಲ್ಲಮ್ಮ, ಭಯಕ್ಕೆ ಬಿಟ್ರಿ, ಭಯಕ್ಕೆ ನಾನು ಪಟ್ಟಿ ಕಟ್ಟೋಕಾಗಲ್ಲ ಅಂದಿದ್ದಳು. ಇವತ್ತೂ ಬಿಟ್ಟರೆ ಮುಗಿಯಿತು. ಬಿಡಬೇಡ, ಬಿಡಬೇಡ ಅನ್ನಬಾರದು, ಅಂದರೆ ಹೆಗಲು ಕಿವಿಗೆ ಏರುತ್ತದೆ, ಬೆನ್ನಿನ ರೆಕ್ಕೆ ಮೂಳೆ ಕೆಳಗೆ, ಉಸಿರು ಬಿಡು — ನಿಮ್ಮ ಬಸ್ಸು ಎಲ್ಲೆಲ್ಲಿ ಹೋಗುತ್ತೆ ಹೇಳಿ ನೋಡೋಣ — ಅದನ್ನೇನು ಕೇಳುತ್ತಾಳೆ, ನಿದ್ದೆಯಲ್ಲೂ ಹೇಳುತ್ತೇನೆ, ಡಿಪೋ ಗೇಟು ಮೇಡಂ, ಗೇಟು ದಾಟಿದ ತಕ್ಷಣ ಒಂದು ಉಬ್ಬು, ಅಲ್ಲಿ ಹೊಸಬರೆಲ್ಲ ಬೀಳುತ್ತಾರೆ, ಮೈ ಒಂದಿಷ್ಟು ಹಿಂದಕ್ಕೆ ವಾಲುತ್ತದೆ, ವಾಲಿ ನಿಲ್ಲುತ್ತದೆ, ಆಮೇಲೆ ಬಟ್ಟೆ ಗಿರಣಿಯ ಸ್ಟಾಪು, ಗಿರಣಿ ಮುಚ್ಚಿ ಯಾವ ಕಾಲವೋ ಆಯಿತು, ಸ್ಟಾಪಿನ ಹೆಸರು ಹೋಗಿಲ್ಲ, ಅಲ್ಲಿ ಹತ್ತುವ ಲೆಕ್ಕದ ಮೇಷ್ಟ್ರು ದಿನಾ ಚಿಲ್ಲರೆ ಇಲ್ಲ ಅನ್ನುತ್ತಾರೆ, ಅಲ್ಲಿಂದ ಎಡಕ್ಕೆ ತಿರುವು, ಎಲ್ಲರೂ ಬಲಕ್ಕೆ ಜೋಲುತ್ತಾರೆ, ನಾನೂ, ಆಸ್ಪತ್ರೆ, ಅಲ್ಲಿ ನಿಧಾನ, ಇಳಿಯುವವರಿಗೆ ಪಾಪ ಕಾಲು ಬರುವುದಿಲ್ಲ, ಮೂಕಣ್ಣ ಕನ್ನಡಿಯಲ್ಲಿ ನೋಡಿ ಕಾಯುತ್ತಾನೆ, ನಾನು ಹೇಳಬೇಕಾಗಿಲ್ಲ. ನನ್ನ ರಜೆಯಲ್ಲಿ ಪ್ರತಿ ಭಾನುವಾರ ಮನೆಗೆ ಬರುತ್ತಿದ್ದ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಿದ್ದ, ನಾಲ್ಕು ಕಿತ್ತಳೆ ಇಟ್ಟು ಹೋಗುತ್ತಿದ್ದ, ಐದನೇ ಭಾನುವಾರ ಬಾಯಿ ಬಿಟ್ಟ, ಬಾತುಕೋಳಿ ಕಣಮ್ಮ. ಗೊತ್ತು ಅಣ್ಣ. ನಾನ್ ನಿಂಗೆ ಕೂಗಿ ಹೇಳ್ಬೇಕಿತ್ತು. ಅಣ್ಣಾ, ನೀನು ಕೂಗಿದ್ರೆ ಆ ಆಶ್ಚರ್ಯಕ್ಕೇ ಎರಡೂ ಕೈ ಬಿಡ್ತಿದ್ದೆ. ಆಗ ನಕ್ಕ, ನಗುತ್ತಲೇ ಅವನ ಕಣ್ಣು ತುಂಬಿತು, ಆ ದೊಡ್ಡ ಮನುಷ್ಯ. ಆಸ್ಪತ್ರೆ ಬಿಟ್ಟರೆ ಸೇತುವೆ, ಸೇತುವೆಯ ಸಂದುಗಳ ಮೇಲೆ ದಡ್ ದಡ್ ಎಂದು ಎರಡು ಏಟು ಬರುತ್ತದೆ ಮೇಡಂ, ಮುಂದಿನ ಚಕ್ರಕ್ಕೊಂದು ಹಿಂದಿನದಕ್ಕೊಂದು, ಬಂತು, ಬಂತು, ಆಮೇಲೆ ಇಳಿಜಾರು, ಮೈಯೆಲ್ಲಾ ಮುಂದಕ್ಕೆ, ಕಾಲ ಬೆರಳು ನೆಲಕ್ಕೆ ಒತ್ತಿಕೊಳ್ಳುತ್ತದೆ, ಕೆಳಗೆ ಕೆರೆ, ಕೆರೆ ಏರಿಯ ಮೇಲೆ ಅವೇ, ಬಿಳಿ ಬಿಳಿ, ಒಂದರ ಹಿಂದೆ ಒಂದು, ಅಲ್ಲಿ ಬಸ್ಸು ಗಕ್ಕನೆ — ಇದೇ ಜಾಗ, ಇಲ್ಲೇ ತಳ್ಳುತ್ತಾಳೆ, ಬೇಕಂತಲೇ ಇಲ್ಲೇ, ತಳ್ಳಲಿ, ಎಷ್ಟು ಹೊತ್ತು ಕಾಯಿಸುತ್ತಾಳೆ ಈ ಹುಡುಗಿ. ತಳ್ಳಿ ಮೇಡಂ, ನಾನು ರೆಡಿ. ಏನ್ ತಳ್ಳೋದು? ಪರೀಕ್ಷೆ ಮಾಡಲ್ವಾ? ಆಯ್ತಲ್ಲಮ್ಮ, ಆರು ಸಲ ತಳ್ಳಿದೆ, ಕೊನೇ ಸಲ ನನ್ನ ಎರಡೂ ಕೈ ಕೊಟ್ಟು ತಳ್ಳಿದೆ, ನೀವು ಸೇತುವೆ ಸೇತುವೆ ಅಂತಿದ್ರಿ. ಸುಳ್ಳು. ಕಣ್ಣು ಬಿಟ್ಟೆ. ಮೇಡಂಗೆ ಏದುಸಿರು, ಹಣೆಯಲ್ಲಿ ಬೆವರು, ಮೇಜಿನ ಮೇಲೆ ಚೀಟಿ, ಕೆಳಗೆ ಸಹಿ, ತಳ್ಳುವ ಮೊದಲೇ ಹಾಕಿಬಿಟ್ಟಿದ್ದಳೇ ಈ ಕಳ್ಳಿ, ಕೇಳಬೇಕು, ಆಮೇಲೆ ಕೇಳುತ್ತೇನೆ, ಸಾಕಮ್ಮ ಇನ್ನು ಇಳಿಸಿ ಅನ್ನುತ್ತಿದ್ದಾಳೆ, ಇಳಿಸುತ್ತೇನೆ, ತಡಿ, ಇನ್ನೊಂದು ಗಳಿಗೆ, ಮೇಲೆ ನೋಡುತ್ತಿದ್ದೇನೆ, ಕೈ ಮೇಲಿದೆ, ಐದು ಬೆರಳು, ಹೆಬ್ಬೆರಳು ತಾನಾಗಿ ಆ ಎದ್ದ ಬಣ್ಣವನ್ನು ಕೆರೆಯುತ್ತಿದೆ, ನನ್ನದೇ ಕೈ, ಕೈ ಮೇಲಿದೆ.