ಕೆಟ್ಟಿರದ ಬೆಲ್ಲು

ಕಿವಿಗೆ ಸಿಕ್ಕಿಸಿಕೊಂಡಿದ್ದ ಹೆಡ್‌ಫೋನಿನಲ್ಲಿ ಹೆಂಗಸೊಬ್ಬಳ ಏದುಸಿರು ಕೇಳಿಸಿದಾಗ ಉಪ್ಪಣ್ಣನ ಕೈ ಮೊದಲು ಹೋದದ್ದು ಸೊಂಟಕ್ಕೆ, ಸ್ಕ್ರೂಡ್ರೈವರ್ ಇರುತ್ತಿದ್ದ ಜಾಗಕ್ಕೆ. ಅಲ್ಲಿ ಈಗ ಬೆಲ್ಟು ಬಿಟ್ಟರೆ ಏನೂ ಇರಲಿಲ್ಲ. ಎದುರಿನ ಗೋಡೆಯ ಮೇಲೆ ದಪ್ಪಕ್ಷರದ ಹಲಗೆಯೊಂದು ತೂಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಹತ್ತಿರ, ಮೆಕ್ಯಾನಿಕ್ ಬಂದು ಬಾಗಿಲು ಮುಟ್ಟುವ ತನಕ ಮಾತಾಡುತ್ತಿರಬೇಕು ಎಂದು ಅದರಲ್ಲಿ ಬರೆದಿತ್ತು.

"ಯಾರಾದ್ರೂ ಇದ್ದೀರಾ?" ಎಂದಳು ಆಕೆ.

"ಇದ್ದೀನಮ್ಮ. ಲಿಫ್ಟ್ ಕಂಪನಿಯಿಂದ ಮಾತಾಡ್ತಿದ್ದೀನಿ."

"ಮೂರನೇ ಮಹಡಿ ದಾಟಿ ನಿಂತ್ಬಿಟ್ಟಿದೆ. ನಾನೊಬ್ಳೇ ಇದ್ದೀನಿ ಒಳಗೆ."

ಉಪ್ಪಣ್ಣ ಮೆಕ್ಯಾನಿಕ್‌ಗೆ ಸುದ್ದಿ ಮುಟ್ಟಿಸಿದ. ಅವನು ಪಟ್ಟಣದ ಇನ್ನೊಂದು ತುದಿಯಲ್ಲಿದ್ದ, ಬರಲು ಮುಕ್ಕಾಲು ಗಂಟೆ ಬೇಕೆಂದ. ಮುಕ್ಕಾಲು ಗಂಟೆ ಮಾತಾಡುವುದೆಂದರೆ ಉಪ್ಪಣ್ಣನ ಮಟ್ಟಿಗೆ ಒಂದು ವರ್ಷದ ಮಾತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಅವನು ಕೋಟ್ಯಧೀಶ.

ಉಪ್ಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷದ ಹಿಂದೆ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸಕ್ಕೆ ಸೇರಿದವನನ್ನು, ಬಾಗಿಲು ಮಾಡುವ ವಿಭಾಗದಲ್ಲಿ ಆಳು ಕಡಿಮೆಯಾಯಿತೆಂದು ಅಲ್ಲಿಗೆ ಕಳಿಸಿದರು. ಅಲ್ಲಿಂದ ವೈರಿಂಗಿಗೆ, ವೈರಿಂಗಿನಿಂದ ಹೊಸ ಕಟ್ಟಡಗಳಲ್ಲಿ ಲಿಫ್ಟು ಕೂರಿಸುವುದಕ್ಕೆ, ಕೊನೆಗೆ ರಿಪೇರಿಗೆ. "ಯಾವ ಅಡುಗೆಗಾದ್ರೂ ಹಾಕಿ ಇವನನ್ನ, ಕರಗಿ ಹೋಗ್ತಾನೆ" ಎಂದು ಹಳೆಯ ಫೋರ್‌ಮನ್ ಒಬ್ಬ ಹೇಳಿದ್ದೇ ಹೆಸರಾಗಿ ಅಂಟಿಕೊಂಡಿತು. ಎಲ್ಲಿಗೆ ಹೋಗೆಂದರೂ ಅವನದು ಒಂದೇ ಉತ್ತರ: "ಆಗ್ಲಿ, ಕಲಿಯೋಣ." ಅದು ಮೇಲಿನವರನ್ನು ಮೆಚ್ಚಿಸುವ ಮಾತಾಗಿರಲಿಲ್ಲ. ಹೊಸ ವಿಭಾಗದ ಮೊದಲ ವಾರ, ಕೈಗೆ ಏನೂ ಗೊತ್ತಿಲ್ಲದೆ ತಡವರಿಸುವ ಆ ದಿನಗಳೆಂದರೆ ಅವನಿಗೆ ಒಳಗೊಳಗೇ ಖುಷಿ. ಎರಡು ತಿಂಗಳಲ್ಲಿ ತಲೆಗಿಂತ ಮೊದಲು ಕೈಗೇ ಎಲ್ಲ ತಿಳಿಯತೊಡಗುತ್ತಿತ್ತು. ಅವನ ಹೆಂಡತಿ ನಗುತ್ತಿದ್ದಳು, ಮದುವೆಗೂ ನೀವು ಹೀಗೇ ಆಗ್ಲಿ ಕಲಿಯೋಣ ಅಂದಿರಬೇಕು ಎಂದು.

ಒಂದೇ ಕಂಪನಿಯೊಳಗೆ ಹೀಗೆ ಐದು ಜನ್ಮ ಎತ್ತಿದವನಿಗೆ ಯಾವ ಜನ್ಮದ ನೆಂಟರೂ ಉಳಿಯಲಿಲ್ಲ. ಒಂದು ವಿಭಾಗದಲ್ಲಿ ಜೊತೆಗೆ ಕೂತು ಉಂಡವರು ಇನ್ನೊಂದಕ್ಕೆ ಹೋದ ಮೇಲೆ ಗೇಟಿನಲ್ಲಿ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ ಎನ್ನುವುದು ನಿಜ, ಆದರೆ ಊಟ ಮುಗಿಸಿ ಎದ್ದವರು ಉಪ್ಪನ್ನು ನೆನೆದದ್ದು ಯಾರೂ ಕಂಡಿಲ್ಲ. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಈಗ ಎರಡೂ ಮಂಡಿಗಳು ಕೈಕೊಟ್ಟವು. ಮನೆಗೆ ಹೋಗಿ, ಇಲ್ಲವೇ ಒಂದು ತಿಂಗಳು ಫೋನ್ ಕೋಣೆಯಲ್ಲಿ ಕೂತು ನೋಡಿ, ಹೊಂದಿದರೆ ಇರಿ ಎಂದರು ಕಂಪನಿಯವರು. ಮನೆಯಲ್ಲಿ ಅವನನ್ನು ಉಪ್ಪಣ್ಣ ಎಂದು ಕರೆಯುವುದಕ್ಕೂ ಒಂದು ನರಪಿಳ್ಳೆ ಇರಲಿಲ್ಲ. ಅದಕ್ಕೇ ಈ ಸಲ "ಆಗ್ಲಿ" ಎನ್ನುವುದು ಅವನ ಬಾಯಿಂದ ಸ್ವಲ್ಪ ಬೇಗನೆ ಬಂತು.

ಇವತ್ತು ಮೂರನೆಯ ದಿನ. ಫೋನ್ ಕೋಣೆಯ ಉಸ್ತುವಾರಿ ಮೇಡಂ, ಅವನ ಅರ್ಧ ವಯಸ್ಸಿನ ಹೆಣ್ಣುಮಗಳು, ಊಟಕ್ಕೆ ಹೋಗಿದ್ದಳು. ಉಪ್ಪಣ್ಣ ಲಿಫ್ಟಿನಲ್ಲಿದ್ದವಳನ್ನು ನಿಮ್ಮ ಹೆಸರೇನಮ್ಮ ಎಂದು ಕೇಳಿದ, ಆಕೆ ಹೇಳಿದಳು. ಮುಂದೇನು ಕೇಳಬೇಕೋ ತೋಚಲಿಲ್ಲ. ಆಗ ಆಕೆಯ ಉಸಿರಿನ ಹಿಂದೆ ಟಕ್, ಟಕ್ ಎಂಬ ಸಣ್ಣ ಸದ್ದು ಕೇಳಿಸಿತು. ಮೂರನೇ ಮಹಡಿಯ ಬಾಗಿಲ ಲಾಕು ಸರಿಯಾಗಿ ಕೂರುತ್ತಿಲ್ಲ! ಪರದೆಯಲ್ಲಿ ಕಂಡ ವಿಳಾಸದ ಕಟ್ಟಡ ಎರಡು ಬೀದಿಯಾಚೆಗೇ ಇತ್ತು, ಆ ಲಿಫ್ಟನ್ನು ಕೂರಿಸಿದ್ದೂ ಅವನೇ. ಅವನ ಕೈಗೆ ಜೀವ ಬಂದಂತಾಯಿತು. "ಹೆದರ್ಬೇಡಿ ಅಮ್ಮ" ಎಂದವನೇ ಹೆಡ್‌ಫೋನು ಮೇಜಿನ ಮೇಲಿಟ್ಟು, ಗೋಡೆಯ ಮೊಳೆಯಿಂದ ಲಿಫ್ಟಿನ ಬಾಗಿಲು ತೆಗೆಯುವ ಕೀಲಿ ಎಳೆದುಕೊಂಡು ಕುಂಟುತ್ತಲೇ ಓಡಿದ.

ಆರು ಮಹಡಿ ಮೆಟ್ಟಿಲು ಹತ್ತಿ ಮೇಲಿನ ಯಂತ್ರದ ಕೋಣೆ ಮುಟ್ಟುವಷ್ಟರಲ್ಲಿ ಮಂಡಿಗಳು ಬೆಂಕಿಯಾಗಿದ್ದವು. ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ಲಿಫ್ಟನ್ನು ಅಂಗುಲ ಅಂಗುಲವಾಗಿ ಮೂರನೇ ಮಹಡಿಗೆ ಇಳಿಸಿ, ಕೆಳಗೆ ಬಂದು ಬಾಗಿಲು ತೆಗೆದ. ಎಲ್ಲ ಸೇರಿ ಇಪ್ಪತ್ತೆರಡು ನಿಮಿಷ. ಮುಕ್ಕಾಲು ಗಂಟೆಯ ಅರ್ಧವೂ ಆಗಿರಲಿಲ್ಲ, ಮೀಸೆ ಇದ್ದಿದ್ದರೆ ಉಪ್ಪಣ್ಣ ಅದನ್ನು ತಿರುವುತ್ತಿದ್ದ.

ಆಕೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಾಗಿಲಿಗೆ ಹೊಡೆದು ಹೊಡೆದು ಚಪ್ಪಲಿಯ ಹಿಮ್ಮಡಿ ಕಿತ್ತುಬಂದಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಫೋನಲ್ಲಿದ್ದೋರು ನೀವೇನಾ?"

"ಹೂಂ ಅಮ್ಮ, ನಾನೇ."

"ಎಲ್ಲಿಗೆ ಹೋಗ್ಬಿಟ್ರಿ?"

"ಎಲ್ಲಿಗೂ ಇಲ್ಲ, ಇಲ್ಲಿಗೇ ಬರ್ತಿದ್ದೆ."

"ಅದು ನನಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಆಕೆ. ಧ್ವನಿ ಏರಿಸಲಿಲ್ಲ. ಗೋಡೆ ಹಿಡಿದು ಎದ್ದು, ಅವನು ಚಾಚಿದ ಕೈಯನ್ನು ನೋಡದೆ ಮೆಟ್ಟಿಲಿಳಿದು ಹೋದಳು.

ಮೇಡಂ ಕೂಡ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಫೋನ್ ಕೋಣೆಗೆ ಬರುವ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಅವನನ್ನು ಕೂರಿಸಿ, ಹೆಡ್‌ಫೋನು ಕೊಟ್ಟು, ಇಪ್ಪತ್ತೆರಡು ನಿಮಿಷವನ್ನೂ ಕೇಳಿಸಿಕೊಳ್ಳಿ ಎಂದಳು. ಮೊದಲು ಹಲೋ, ಹಲೋ. ಆಮೇಲೆ "ಸಾರ್, ಇದ್ದೀರಾ?" ಮತ್ತೆ ಅದೇ. ನಡುವೆ ಚಪ್ಪಲಿಯಿಂದ ಬಾಗಿಲು ಬಡಿಯುವ ಸದ್ದು. ಲಿಫ್ಟು ಇದ್ದಕ್ಕಿದ್ದಂತೆ ಅಂಗುಲ ಅಂಗುಲ ಇಳಿಯತೊಡಗಿದಾಗ ಒಂದು ಚೀತ್ಕಾರ, ಮಾತಲ್ಲದ್ದು. ಅವನು ಮೇಲೆ ಹೆಮ್ಮೆಯಿಂದ ಬ್ರೇಕು ಸಡಿಲಿಸುತ್ತಿದ್ದ ಹೊತ್ತು ಅದು. ಕೊನೆಕೊನೆಗೆ ಇದ್ದೀರಾ ಎನ್ನುವುದು ಯಾರನ್ನೂ ಕರೆಯುವ ಮಾತಾಗಿ ಉಳಿದಿರಲಿಲ್ಲ. ತನ್ನ ಗಂಟಲು ಇನ್ನೂ ಇದೆಯೇ ಎಂದು ನೋಡಿಕೊಳ್ಳುವಂತೆ ಆಕೆ ಅದನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು.

"ನಾನು ಓಡ್ತಾ ಇದ್ದೆ ಮೇಡಂ" ಎಂದ ಉಪ್ಪಣ್ಣ.

"ಗೊತ್ತು. ಆ ಮಂಡಿ ಇಟ್ಕೊಂಡು ಆರು ಮಹಡಿ ಹತ್ತಿದ್ದೀರಿ. ಆದ್ರೆ ಅವ್ರಿಗೆ ಕೇಳ್ಸಿದ್ದು ಇಷ್ಟೇ."

ಆ ದಿನ ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಮಲಗುವ ಕೋಣೆಯ ಬಾಗಿಲಲ್ಲಿ ಸುಮ್ಮನೆ ನಿಂತ. ಅವನು ಹೆಂಡತಿ ಹೋದ ಮೇಲೆ ಹೊರಗಿನ ಕೋಣೆಯಲ್ಲೇ ಮಲಗುತ್ತಿದ್ದ. ಕಾಯಿಲೆ ಬಿದ್ದು ಐದು ತಿಂಗಳು ಅವಳು ಈ ಮಂಚದ ಮೇಲಿದ್ದಳು. ಅವನು ಕೈಕಟ್ಟಿ ಕೂತವನಲ್ಲ. ಮಂಚಕ್ಕೆ ಗಾಲಿ ಹಾಕಿದ್ದ, ಮಲಗಿದಲ್ಲೇ ಕುಡಿಯಲು ನೀರಿನ ನಳಿಕೆ ಕೂರಿಸಿದ್ದ, ಕಿಟಕಿ ತೆರೆಯಲು ಹಗ್ಗ ಕಟ್ಟಿದ್ದ. ಲಿಫ್ಟಿನ ಹಳೆಯ ಫಲಕದಿಂದ ಬೆಲ್ಲಿನ ಗುಂಡಿಯೊಂದನ್ನು ತಂದು ಮಂಚದ ಪಟ್ಟಿಗೆ ತಿರುಪಿ, ಅಡುಗೆಮನೆಯಲ್ಲಿ ಬೆಲ್ಲು ಇಟ್ಟಿದ್ದ. ಗಂಡ ಅಂದರೆ ಹೀಗಿರಬೇಕು ಎಂದು ನೋಡಲು ಬಂದವರೆಲ್ಲ ಹೊಗಳಿದ್ದರು.

ಬೆಲ್ಲು ಹೊಡೆದುಕೊಳ್ಳುತ್ತಿತ್ತು. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದ. ಏನು ಬೇಕು ಎಂದರೆ ಏನೂ ಬೇಡ ಎನ್ನುತ್ತಿದ್ದಳು. ಹತ್ತು ನಿಮಿಷಕ್ಕೆ ಮತ್ತೆ ಬೆಲ್ಲು, ಮತ್ತೆ ಏನೂ ಬೇಡ. ಏನೂ ಬೇಡದೆ ಬೆಲ್ಲು ಬಾರಿಸುವುದೆಂದರೆ ಕೈ ತಗುಲಿದರೆ ಸಾಕು ಒತ್ತಿಕೊಳ್ಳುತ್ತಿದೆ, ಒಳಗಿನ ಸ್ಪ್ರಿಂಗ್ ಸಡಿಲವಾಗಿದೆ ಎಂದು ಉಪ್ಪಣ್ಣ ತೀರ್ಮಾನಿಸಿದ. ಬಿಚ್ಚಿ ಹೊಸ ಸ್ಪ್ರಿಂಗ್ ಹಾಕಿದ. ಎರಡು ದಿನಕ್ಕೆ ಮತ್ತೆ ಅದೇ ಕಥೆಯಾದಾಗ ಗುಂಡಿಯನ್ನೇ ಬದಲಾಯಿಸಿದ, ಗಟ್ಟಿಯಾಗಿ ಒತ್ತದೆ ಬಾರಿಸದಂಥದ್ದನ್ನು ಹಾಕಿದ.

"ಅದು ಕೆಟ್ಟಿರ್ಲಿಲ್ಲ ಕಣ್ರೀ" ಎಂದಿದ್ದಳು ಅವಳು.

ನಿನಗೇನು ಗೊತ್ತಾಗುತ್ತೆ ಎಂದು ನಕ್ಕು ಅವನು ಅಡುಗೆಮನೆಗೆ ಹೋಗಿದ್ದ. ಆಮೇಲೆ ಬೆಲ್ಲು ಕಡಿಮೆಯಾಯಿತು. ರಿಪೇರಿ ಹಿಡಿಯಿತು ಎಂದುಕೊಂಡ, ಅದನ್ನು ಒಬ್ಬಿಬ್ಬರಿಗೆ ಹೇಳಿಕೊಂಡೂ ಇದ್ದ! ಮಂಚದ ಪಕ್ಕದಲ್ಲಿ ಕೂರುವುದಕ್ಕೆಂದೇ ತಂದ ಸ್ಟೂಲೊಂದಿತ್ತು. ಅದರ ಮೇಲೆ ಮೊದಲ ದಿನದಿಂದಲೂ ಕೂತದ್ದು ಅವನ ಟೂಲ್ ಬಾಕ್ಸು, ಈಗಲೂ ಅದೇ ಕೂತಿತ್ತು. ಅವಳಿಗೆ ಬೇಕಾಗಿದ್ದದ್ದು ನಾನು, ನಾನು ಸ್ಪ್ರಿಂಗ್ ಹಾಕಿಕೊಟ್ಟೆ ಎಂದು ಅವನಿಗೆ ಈಗ ಹೊಳೆಯಿತು. ಬಾಗಿಲ ಚೌಕಟ್ಟು ಹಿಡಿದು ಉಪ್ಪಣ್ಣ ಮಗುವಿನಂತೆ ಅತ್ತ. ಕೋಣೆಯ ಒಳಗೆ ಮಾತ್ರ ಕಾಲಿಡಲಿಲ್ಲ.

ಮರುದಿನ ಕೆಲಸ ಬಿಡುತ್ತೇನೆಂದು ಹೇಳಲು ಹೋದ. ಮೂವತ್ತೊಂದು ವರ್ಷದಲ್ಲಿ ನನ್ನಿಂದಾಗದು ಎಂದದ್ದು ಇದೇ ಮೊದಲು. ಕಲಿಯುವುದಕ್ಕೂ ಒಂದು ತಳಪಾಯ ಬೇಕು, ತನಗೆ ಲಿಫ್ಟು ಬಿಟ್ಟು ಬೇರೇನೂ ಗೊತ್ತಿಲ್ಲ, ಗೊತ್ತಿಲ್ಲದವರ ಹತ್ತಿರ ಏನೆಂದು ಮಾತಾಡಲಿ ಎಂದ.

"ಲಿಫ್ಟ್ ಬಗ್ಗೇನೇ ಮಾತಾಡಿ" ಎಂದಳು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಅವ್ರು ಕೂತಿರೋದೂ ಲಿಫ್ಟಲ್ಲೇ ತಾನೇ?" ಆಮೇಲೆ ಅವಳು ಗೋಡೆಯ ಮೊಳೆಯಲ್ಲಿದ್ದ ಕೀಲಿಯನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಉಪ್ಪಣ್ಣ ಕೂತ.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಗಂಡಸೊಬ್ಬ ಸಿಕ್ಕಿಕೊಂಡ. ದೀಪ ಮಿಣುಕುತ್ತಿದೆ, ಎದೆ ಹಿಡಿದಂತಾಗುತ್ತಿದೆ ಎಂದ. ಉಪ್ಪಣ್ಣ ಮಾತು ಶುರು ಮಾಡುತ್ತಲೇ, ಭಾಷಣ ಬೇಡ, ಬಾಗಿಲು ತೆಗೆಸಿ ಎಂದು ಅವನು ಸಿಡುಕಿದ.

"ತೆಗೆಯೋರು ಹೊರಟಿದ್ದಾರೆ ಸಾರ್, ಅರ್ಧ ಗಂಟೆ ಆಗುತ್ತೆ. ನೀವೇನೂ ಮಾತಾಡೋದು ಬೇಡ. ನಾನು ಇಲ್ಲೇ ಇರ್ತೀನಿ, ಅಷ್ಟೇ."

ಪರದೆಯ ಮೇಲೆ ಆ ಲಿಫ್ಟಿನ ನಂಬರು ಬಂತು. ಉಪ್ಪಣ್ಣನಿಗೆ ಮುಖ ಗುರುತು ಮರೆಯುತ್ತದೆ, ಲಿಫ್ಟಿನ ನಂಬರು ಮರೆಯುವುದಿಲ್ಲ. ಅವನು ಮೆಲ್ಲಗೆ ಹೇಳುತ್ತ ಹೋದ. ನಿಮ್ಮನ್ನು ಹಿಡಿದಿರುವುದು ನಾಲ್ಕು ಉಕ್ಕಿನ ಹಗ್ಗ, ಒಂದೇ ಇದ್ದರೂ ಸಾಕು. ಉಳಿದ ಮೂರು ಇರುವುದು ನಮ್ಮ ಸಮಾಧಾನಕ್ಕೆ. ಮೇಲೆ ಗಿರ್ ಎನ್ನುತ್ತಿರುವುದು ಫ್ಯಾನು, ಗಾಳಿ ಬರುತ್ತಿದೆ ಎಂದು ಅರ್ಥ. ಬೆನ್ನಿಗೆ ತಗುಲುತ್ತಿರುವ ಕಂಬಿಯನ್ನು ಉಜ್ಜಿ ಹೊಳಪು ಕೊಡುತ್ತಿದ್ದ ಮುದುಕನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಅದಕ್ಕೇ ಅವನು ಯಾರೊಂದಿಗೂ ಜಗಳವಾಡಿದ್ದಿಲ್ಲ. ಆ ಕಡೆಯಿಂದ ಉಸಿರು ಮಾತ್ರ ಬರುತ್ತಿತ್ತು.

"ಬಲಗಡೆ ಗುಂಡಿಗಳ ಫಲಕ ಇದೆಯಲ್ಲ ಸಾರ್. ಅದರ ಕೆಳಗಿನ ಮೂಲೇಲಿ ಒಂದು ಸ್ಕ್ರೂ ಓರೆ ಇದೆಯಾ, ಸ್ವಲ್ಪ ನೋಡಿ."

ಬಗ್ಗಿ ನೋಡಿರಬೇಕು, "ಇದೆ" ಎಂದ ಅವನು.

"ಅದು ನಾನು ಹಾಕಿದ್ದು. ಲಿಫ್ಟು ಕೂರಿಸೋ ವಿಭಾಗದಲ್ಲಿ ನನ್ನ ಮೊದಲನೇ ವಾರ."

ಆಚೆ ಕಡೆ ಸಣ್ಣದೊಂದು ನಗೆಯ ಸದ್ದಾಯಿತು. ಹತ್ತಿಪ್ಪತ್ತು ವರ್ಷದಿಂದ ದಿನಾ ನಿಂತಿದ್ದೇನೆ ಇದರೆದುರು, ನೋಡಿಯೇ ಇಲ್ಲ ಎಂದ. ಉಪ್ಪಣ್ಣ ಆ ಸ್ಕ್ರೂವಿನ ಕಥೆ ಹೇಳಿದ, ಅದನ್ನು ನೋಡಿ ಬೈದ ಫೋರ್‌ಮನ್ನನ ಕಥೆ ಹೇಳಿದ, ಸ್ಟೋರಿನಿಂದ ಹಿಡಿದು ಐದೂ ಜನ್ಮದ ಕಥೆ ಒಂದೊಂದಾಗಿ ಬಂತು. ತನ್ನೊಳಗೆ ಇಷ್ಟು ಮಾತಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ಗಂಟಲು ಒಣಗಿ ನೀರು ಕುಡಿಯಲು ಒಂದು ಗಳಿಗೆ ನಿಲ್ಲಿಸಿದ.

"ಇದ್ದೀರಾ?" ಎಂದಿತು ಆ ಧ್ವನಿ, ಸಿಡುಕಿಲ್ಲದೆ.

"ಇದ್ದೀನಿ."

ಬಾಗಿಲು ತೆರೆದ ಸದ್ದು ಬಂತು, ಮೆಕ್ಯಾನಿಕ್‌ನ ದನಿ ಬಂತು, ಅವಸರದ ಹೆಜ್ಜೆಗಳು ದೂರವಾದವು. ಹೋಗುತ್ತೇನೆಂದು ಆ ಗಂಡಸು ಹೇಳಲಿಲ್ಲ. ಖಾಲಿ ಲಿಫ್ಟಿನ ಫ್ಯಾನು ಸ್ವಲ್ಪ ಹೊತ್ತು ಉಪ್ಪಣ್ಣನ ಕಿವಿಯಲ್ಲಿ ತಿರುಗುತ್ತಿತ್ತು. ಸಂಜೆ ಹೊರಡುವಾಗ ಮೇಡಂ, ಮುಂದಿನ ತಿಂಗಳ ಪಾಳಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದಿದ್ದೇನೆ, ನೋಡಿಕೊಂಡು ಹೋಗಿ ಎಂದಳು. ಅವನು ನೋಡಿದ. ಹೆತ್ತವರು ಇಟ್ಟ ಹೆಸರೇ ಇತ್ತು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

ಈ ಸುದ್ದಿಯನ್ನು ಹೇಳಿಕೊಳ್ಳಲು ದಾರಿಯಲ್ಲಿ ಯಾರೂ ಸಿಗಲಿಲ್ಲ. ಮನೆಯ ಬೀಗ ತೆಗೆದು, ಚಪ್ಪಲಿ ಬಿಟ್ಟು, ನೇರವಾಗಿ ಒಳಗಿನ ಕೋಣೆಗೆ ಹೋದ. ಹಾಸಿಗೆ ಮಡಿಸಿಟ್ಟಲ್ಲೇ ಇತ್ತು. ಮಂಚದ ಪಟ್ಟಿಯ ಮೇಲಿನ ಗುಂಡಿಯ ಮೇಲೆ ಧೂಳು ಕೂತಿತ್ತು, ಬೆರಳಿನಿಂದ ಒರೆಸಿದ. ಆಮೇಲೆ ಸ್ಟೂಲಿನ ಮೇಲಿದ್ದ ಟೂಲ್ ಬಾಕ್ಸನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಟ್ಟು, ಅಲ್ಲಿ ಕೂತ.