ಒಂದು ದಿನ ಮೊದಲೇ ಹೊರಟ ಬ್ಯಾಗು

ಆರಾಧನಾಳ ಹದಿನೈದು ವರ್ಷದ ಬಾಳಿನಲ್ಲಿ ಪ್ರವಾಸಗಳಿಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಮನೆಯವರಿಲ್ಲದ ಪ್ರವಾಸಕ್ಕೆ.

ಬೇಸಿಗೆ ರಜೆ ಬಂತೆಂದರೆ ಚಾಮರಾಜಪೇಟೆಯ ಅವರ ಮನೆಯ ಮುಂದೆ ಹದಿನೇಳು ಸೀಟಿನ ಟೆಂಪೋ ಟ್ರಾವೆಲರ್ ಬಂದು ನಿಲ್ಲುತ್ತಿತ್ತು. ಅದರೊಳಗೆ ಹತ್ತೊಂಬತ್ತು ಜನ, ಒಂದು ಡಬರಿ ಪುಳಿಯೋಗರೆ, ತಾತ ಚಕ್ರಪಾಣಿಯವರ ಮಡಿಸುವ ಕುರ್ಚಿ. ಗೋವಾಕ್ಕೆಂದು ಹೊರಟ ವರ್ಷ ದಾರಿಯಲ್ಲಿ ಎಷ್ಟು ದೇವಸ್ಥಾನಗಳು ಸಿಕ್ಕವೆಂದರೆ, ಸಮುದ್ರ ಸಿಗುವ ಹೊತ್ತಿಗೆ ಕತ್ತಲಾಗಿ ಅದು ಕಾಣಿಸುತ್ತಿರಲಿಲ್ಲ. "ಸಮುದ್ರ ಎಲ್ಲಿ ಹೋಗತ್ತೆ, ನಾಳೆ ನೋಡಿದ್ರಾಯ್ತು" ಎಂದಿದ್ದ ಅಪ್ಪ, ಮರುದಿನ ಇನ್ನೊಂದು ದೇವಸ್ಥಾನ ಪತ್ತೆ ಹಚ್ಚಿದ.

ಸಿನಿಮಾಕ್ಕೂ ಇದೇ ದಂಡು. ಅಪ್ಪನ ಲೆಕ್ಕದಲ್ಲಿ ಪಾರ್ಕಿಂಗ್‌ನಿಂದ ಕಾರು ಹೊರತೆಗೆಯುವುದೇ ಯಾವುದೇ ಚಿತ್ರದ ಮುಖ್ಯ ಸಾಹಸ. ಆದ್ದರಿಂದ ಮುಗಿಯಲು ಹತ್ತು ನಿಮಿಷ ಇರುವಾಗಲೇ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಡುತ್ತಿದ್ದ. ಆರಾಧನಾಳ ಮಟ್ಟಿಗೆ ಖಳನಾಯಕರೆಲ್ಲ ಇಂದಿಗೂ ಸುಖವಾಗಿ ಬದುಕಿದ್ದಾರೆ.

ಇನ್ನು ಶಾಲೆಯ ಟ್ರಿಪ್ಪುಗಳು. ನಾಲ್ಕನೇ ಕ್ಲಾಸಿನಲ್ಲಿ ಬನ್ನೇರುಘಟ್ಟಕ್ಕೆ ಹೋದಾಗ ಅಪ್ಪ ತಾನೂ ಸಹಾಯಕ್ಕೆ ಬರುತ್ತೇನೆಂದು ಹೆಸರು ಕೊಟ್ಟು, ಸಿಂಹಕ್ಕೆ ಬೆನ್ನು ಮಾಡಿ ನಿಂತು ಮಕ್ಕಳ ತಲೆ ಎಣಿಸಿದ. ಆರನೇ ಕ್ಲಾಸಿನಲ್ಲಿ ಮ್ಯೂಸಿಯಂಗೆ ಹೋದಾಗ ಅಜ್ಜಿ ಜಾನಕಮ್ಮ ಆಟೋ ಮಾಡಿಕೊಂಡು ಬಂದು ಗೇಟಿನಲ್ಲಿ ಮೊಸರನ್ನದ ಡಬ್ಬಿ ಹಿಡಿದು ನಿಂತಿದ್ದರು. ಅಂದಿನಿಂದ ಗೆಳತಿ ಪೂಜಿತಾ ಅವಳನ್ನು ಮೊಸರನ್ನ ಎಂದೇ ಕರೆಯುತ್ತಾಳೆ.

ಹೀಗಿರುವಾಗ ಹತ್ತನೇ ಕ್ಲಾಸಿನ ಟ್ರಿಪ್ಪಿನ ಸುತ್ತೋಲೆ ಬಂತು. ಚಿತ್ರದುರ್ಗ, ಹಂಪಿ, ಮೂರು ದಿನ, ಮಕ್ಕಳು ಫೋನ್ ತರುವಂತಿಲ್ಲ, ಪೋಷಕರು ಬರುವಂತಿಲ್ಲ. ಕೊನೆಯ ಸಾಲನ್ನು ಆರಾಧನಾ ನಾಲ್ಕು ಸಲ ಓದಿದಳು. ಹಂಪಿಯ ಬಗ್ಗೆ ಅವಳಿಗೆ ಅಂಥ ಕುತೂಹಲವಿರಲಿಲ್ಲ. ಅಲ್ಲಿ ಕಲ್ಲುಗಳಿರುತ್ತವೆಂದು ಗೊತ್ತಿತ್ತು. ಒಬ್ಬಳೇ ಹೋಗಬೇಕಿತ್ತು, ಅಷ್ಟೆ. ಅದು ಹಂಪಿಯಲ್ಲದೆ ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡ್ ಆಗಿದ್ದರೂ ಅವಳು ಹೊರಡುತ್ತಿದ್ದಳು.

ಅಜ್ಜಿ ಸುತ್ತೋಲೆಯಲ್ಲಿ ಓದಿದ್ದು ತಾರೀಕನ್ನು ಮಾತ್ರ.

"ಮಂಗಳವಾರ. ಅದೂ ಉತ್ತರ ದಿಕ್ಕಿಗೆ. ವಾರಶೂಲೆ. ಯಾರೇ ಇಟ್ಟಿದ್ದು ಈ ಮುಹೂರ್ತ?"

"ಮುಹೂರ್ತ ಅಲ್ಲ ಅಜ್ಜಿ, ಬಸ್ಸು."

"ಬಸ್ಸಿಗೇನು, ಚಕ್ರ ಇದೆ, ಹೋಗತ್ತೆ. ಹೋದೋರು ನೆಟ್ಟಗೆ ಬರ್ಬೇಕಲ್ಲ."

ಇಂಥ ಸಂಕಟಕ್ಕೆ ಹಿಂದಿನವರು ಒಂದು ಒಳದಾರಿ ಮಾಡಿಟ್ಟಿದ್ದಾರೆ. ಒಳ್ಳೆಯ ದಿನ ನೋಡಿ ಪ್ರಯಾಣದ ಸಾಮಾನನ್ನು ಮೊದಲೇ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು; ಇದಕ್ಕೆ ಪರಸ್ಥಾನ ಎಂದು ಹೆಸರು. ಸಾಮಾನು ಹೊರಟರೆ ಮನುಷ್ಯ ಹೊರಟಂತೆ ಲೆಕ್ಕ. ದೇಹ ಮರುದಿನ ಹೋಗಿ ಸೇರಿಕೊಂಡರೂ ನಡೆಯುತ್ತದೆ.

"ಅಕ್ಕಿ ಅರಿಸಿನದ ಗಂಟು ಇಟ್ರೆ ಸಾಲಲ್ವಾ ಅತ್ತೆ?" ಎಂದಳು ಅಮ್ಮ.

"ಊರಿಗೆ ಹೊರಟಿರೋದು ಗಂಟೋ, ಹುಡುಗಿಯೋ? ಬ್ಯಾಗೇ ಇಡಿ."

ಬಸ್ಸು ಹತ್ತಲು ಬಿಡುವುದಾದರೆ ತನ್ನನ್ನೇ ಪರಸ್ಥಾನ ಇಟ್ಟರೂ ಆರಾಧನಾಳ ಅಭ್ಯಂತರವಿರಲಿಲ್ಲ. ಸೋಮವಾರ ಸಂಜೆ ನೀಲಿ ಬ್ಯಾಗು ಎರಡು ಮನೆ ಆಚೆಗಿನ ಗೋದಾ ಆಂಟಿಯ ಹಾಲ್‌ನಲ್ಲಿ, ಕುರ್ಚಿಯ ಮೇಲೆ ಕೂತಿತು. ಅಪ್ಪ ಸಹಿ ಮಾಡಿದ ಒಪ್ಪಿಗೆ ಪತ್ರ ಅದರ ಒಳಜಿಪ್ಪಿನಲ್ಲಿತ್ತು. ಅದಿಲ್ಲದವರನ್ನು ಬಸ್ಸಿನ ಮೆಟ್ಟಿಲೂ ಹತ್ತಿಸುವುದಿಲ್ಲವೆಂದು ರುದ್ರಾಣಿ ಮಿಸ್ ಮೂರು ಸಲ ಹೇಳಿದ್ದರು.

ಮಂಗಳವಾರ ಏಳು ಗಂಟೆಗೆ ಎಲ್ಲರೂ ಹೋಗಿ ನೋಡಿದರೆ ಗೋದಾ ಆಂಟಿಯ ಮನೆಗೆ ಬೀಗ.

"ಐದು ಗಂಟೆಗೇ ಮಲ್ಲೇಶ್ವರಕ್ಕೆ ಹೋದ್ರಲ್ಲ," ಎಂದ ಬೀದಿಗೆ ಹೂ ತರುವ ಮಾಯಣ್ಣ. "ಮಗಳಿಗೆ ನೋವು ಕಾಣಿಸ್ಕೊಳ್ತಂತೆ."

ಅಪ್ಪ ಫೋನ್ ಮಾಡಿದ. ಬೀಗದ ಒಳಗಡೆ ಗೋದಾ ಆಂಟಿಯ ಫೋನು ಚೆನ್ನಾಗಿ ಹೊಡೆದುಕೊಂಡಿತು. ಕಿಟಕಿಯಲ್ಲಿ ಇಣುಕಿದರೆ ಬ್ಯಾಗು ಕೂರಿಸಿದಲ್ಲೇ ಕೂತಿತ್ತು. ಅಪ್ಪ ಬಟ್ಟೆ ಒಣಹಾಕುವ ಕೋಲು ತಂದು ಸರಳಿನ ಸಂದಿಯಿಂದ ಎಳೆಯಲು ನೋಡಿದ. ಬ್ಯಾಗು ಕುರ್ಚಿಯಿಂದ ನೆಲಕ್ಕೆ ಇಳಿಯಿತು. ಪ್ರಯಾಣ ಅಷ್ಟರಮಟ್ಟಿಗೆ ಮುಂದುವರಿಯಿತು.

"ಹೋಗ್ಲಿ ಬಿಡು," ಎಂದ ಅಪ್ಪ, ಕೋಲು ಗೋಡೆಗೆ ಒರಗಿಸಿ. "ಬಸ್ಸು ಯಾಕೆ ಬೇಕು? ಬ್ಯಾಗ್ ಸಿಕ್ಕಿದ ಮೇಲೆ ಎಲ್ರೂ ಕಾರಲ್ಲೇ ಹೋಗೋಣ. ನಾನೂ ದುರ್ಗ ನೋಡಿ ಇಪ್ಪತ್ತು ವರ್ಷ ಆಯ್ತು."

ಅಪ್ಪನ ದನಿಯಲ್ಲಿ ಸಂತೋಷ ಸ್ವಲ್ಪ ಬೇಗ ಬಂದಿತ್ತು. ಅಮ್ಮನ ತುಟಿ ಅಲ್ಲಾಡುತ್ತಿತ್ತು. ಪುಳಿಯೋಗರೆಗೆ ಎಷ್ಟು ಸೇರು ಅಕ್ಕಿ ಎಂದು ಲೆಕ್ಕ ಹಾಕುತ್ತಿದ್ದಳೆಂದು ಆರಾಧನಾಳಿಗೆ ಗೊತ್ತಾಯಿತು. ಅಡ್ಡ ಬಂದದ್ದು ಅಜ್ಜಿ.

"ಅವಳು ನಿನ್ನೆನೇ ಹೊರಟಾಯ್ತು ಕಣೋ. ಹೊರಟವಳನ್ನ ಮಧ್ಯದಲ್ಲಿ ತಡೀಬಾರ್ದು. ಇನ್ನೊಂದು ಕಾಗದ ಬರ್ಕೊಡಿ."

ತಾತ ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದ ಬರೆದವರು. ಕನ್ನಡಕ ಒರೆಸಿ, ಹಾಳೆಗೆ ಮಾರ್ಜಿನ್ ಎಳೆದು, 'ವಿಷಯ' ಎಂದು ಬರೆದು ಅಡಿಗೆರೆ ಹಾಕಿದರು. ಏಳು ಮೂವತ್ತೈದಾದರೂ ಅವರಿನ್ನೂ 'ಉಲ್ಲೇಖ'ದಲ್ಲೇ ಇದ್ದರು.

"ತಾತ, ಬಸ್ಸು ಎಂಟಕ್ಕೆ."

"ಉಲ್ಲೇಖ ಇಲ್ದೇ ಇದ್ರೆ ವಾಪಸ್ ಕಳಿಸ್ತಾರೆ ಪುಟ್ಟ."

ಅಷ್ಟರಲ್ಲಿ ಅಮ್ಮ ಚಿಕ್ಕಪೇಟೆಯ ಜವಳಿ ಅಂಗಡಿಯ ಕೈಚೀಲಕ್ಕೆ ಎರಡು ಕುರ್ತಾ, ಒಂದು ಟವೆಲ್ ತುರುಕಿದಳು. ಅಪ್ಪ ಕಾಗದಕ್ಕೆ ಸಹಿ ಹಾಕಿ, ಸ್ಕೂಟರ್‌ನಲ್ಲಿ ಅವಳನ್ನು ಬಸವನಗುಡಿಯ ಶಾಲೆಗೆ ಮುಟ್ಟಿಸಿದಾಗ ಎಂಟಕ್ಕೆ ಎರಡು ನಿಮಿಷವಿತ್ತು. ರುದ್ರಾಣಿ ಮಿಸ್ ಕಾಗದವನ್ನು ಮೇಲಿಂದ ಕೆಳಗೆ ಓದಿದರು.

"'ಸದರಿ ವಿದ್ಯಾರ್ಥಿನಿ' ಅಂದ್ರೆ ನೀನೇನಾ?"

"ಹೌದು ಮಿಸ್."

"ಹತ್ತು."

ಪೂಜಿತಾ ಕೈಚೀಲ ನೋಡಿ, "ಏನೇ ಮೊಸರನ್ನ, ಸೀರೆ ಮಾರಕ್ಕೆ ಬಂದ್ಯಾ?" ಎಂದಳು. ಆರಾಧನಾ ಕಿಟಕಿ ಪಕ್ಕ ಕೂತಳು. ತಲೆ ಎಣಿಸುವವರು ಬಸ್ಸಿನಲ್ಲಿ ಇದ್ದರು, ಆದರೆ ಅವರು ಸಂಬಂಧಿಕರಾಗಿರಲಿಲ್ಲ.

ನೆಲಮಂಗಲ ದಾಟಿದ ಮೇಲೆ ಮಿಸ್ ತಮ್ಮ ಫೋನ್ ಹಿಡಿದು ಸೀಟಿನ ಹತ್ತಿರ ಬಂದರು. "ನಿಮ್ಮಪ್ಪ."

"ಬ್ಯಾಗ್ ಸಿಕ್ತು ಕಣೇ," ಎಂದ ಅಪ್ಪ. "ಗೋದಾ ಅವರ ಅಳಿಯ ಬೀಗದ ಕೈ ತಂದ್ಕೊಟ್ಟ. ಗಂಡು ಮಗು. ನಾವು ಹನ್ನೊಂದಕ್ಕೆ ಹೊರಟು ಸಾಯಂಕಾಲದೊಳಗೆ ದುರ್ಗಕ್ಕೆ ಬಂದ್ಬಿಡ್ತೀವಿ. ನೀವಿಳಿಯೋ ಹೋಟೆಲಲ್ಲೇ ಎರಡು ರೂಮ್ ಖಾಲಿ ಇದೆಯಂತೆ. ಅಜ್ಜಿನೂ ಬರ್ತಾರಂತೆ. ಬೆಲ್ಲ ತಿಂದು ಹೊರಟ್ರೆ ಶೂಲೆ ತಗಲಲ್ವಂತೆ."

ಬೆಲ್ಲದಲ್ಲೇ ಆಗುವುದಾಗಿದ್ದರೆ ಬ್ಯಾಗನ್ನು ಏಕೆ ಕಳಿಸಿದಿರಿ ಎಂದು ಕೇಳಬಹುದಿತ್ತು. ಪೋಷಕರು ಬರುವಂತಿಲ್ಲ ಎಂದು ನೆನಪಿಸಬಹುದಿತ್ತು. ಆದರೆ ಅಪ್ಪ ಮಿಸ್ ಜೊತೆ ಎರಡು ನಿಮಿಷ ಮಾತಾಡಿ ಒಪ್ಪಿಸಿಬಿಡುತ್ತಿದ್ದ. ಮಿಸ್ ಪಕ್ಕದಲ್ಲೇ ನಿಂತಿದ್ದರು. ಪೂಜಿತಾ ತಿನ್ನುವುದನ್ನು ನಿಲ್ಲಿಸಿದ್ದಳು.

"ಬೇಡ ಅಪ್ಪ. ಬರ್ಬೇಡಿ."

"ಬಟ್ಟೆ?"

"ಇರೋದು ಸಾಕು."

"ಅಲ್ವೇ, ನಾವು ಬಂದ್ರೆ ಏನಾಗತ್ತೆ?"

"ಏನೂ ಆಗಲ್ಲ. ಚೆನ್ನಾಗೇ ಇರತ್ತೆ. ಆದ್ರೆ ನಾನು ಒಬ್ಬಳೇ ಹೋಗ್ಬೇಕು."

ಆ ಕಡೆ ತಾತ "ಏನಂತೆ?" ಎಂದದ್ದು ಕೇಳಿಸಿತು. "ಬರೋದು ಬೇಡ್ವಂತೆ" ಎಂದ ಅಪ್ಪ, ಫೋನನ್ನು ಸ್ವಲ್ಪ ದೂರ ಹಿಡಿದು. ಮಿಕ್ಸಿ ತಿರುಗುತ್ತಿದ್ದದ್ದು ನಿಂತಿತು. ಅವರ ಮನೆಯಲ್ಲಿ ಇದು ಅಪರೂಪ. ಆರಾಧನಾ ಲೈನ್ ಕಟ್ ಆಯಿತೆಂದೇ ತಿಳಿದು ಫೋನನ್ನು ಒಮ್ಮೆ ನೋಡಿಕೊಂಡಳು.

"ಗುರುವಾರ ಬಸ್ಸು ಎಷ್ಟು ಹೊತ್ತಿಗೆ ಬರತ್ತೆ?" ಎಂದ ಅಪ್ಪ ಕೊನೆಗೆ.

"ರಾತ್ರಿ ಎಂಟು ಗಂಟೆಗಂತೆ."

"ಸ್ಕೂಲ್ ಹತ್ರ ಬರ್ತೀನಿ. ಅದಕ್ಕಾದ್ರೂ ಬರ್ಬೋದು ತಾನೇ?"

"ಬಾ ಅಪ್ಪ."

"ಒಬ್ನೇ ಬರ್ತೀನಿ," ಎಂದು ಅಪ್ಪ ಫೋನಿಟ್ಟ.

ಅವಳು ಫೋನನ್ನು ಕುರ್ತಾದ ಅಂಚಿಗೆ ಒರೆಸಿ ಹಿಂದಿರುಗಿಸಿದಳು. ಮಿಸ್ ಅದನ್ನು ತೆಗೆದುಕೊಂಡು ಕೈಚೀಲದ ಕಡೆ ನೋಡಿದರು.

"ಬ್ರಶ್ ಇದೆಯಾ?"

"ಇಲ್ಲ ಮಿಸ್."

"ಊಟಕ್ಕೆ ನಿಲ್ಲಿಸ್ದಾಗ ನೆನಪಿಸು. ತಗೊಳ್ಳೋಣ."