ನೆರಳಮ್ಮ ಫೋನ್ ಮಾಡಿದಳು

ನನ್ನ ಕಿವಿಯನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಬೇರೆ ಯಾರೂ ಸಾಕಷ್ಟು ಹೊಗಳದೇ ಇರುವುದರಿಂದ ಆ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಇಪ್ಪತ್ತಾರು ವರ್ಷದಿಂದ ಡಬ್ಬಿಂಗ್ ಮಾಡುತ್ತಿದ್ದೇನೆ. ಪರದೆಯ ಮೇಲೆ ಯಾರದೋ ಬಾಯಿ ಯಾವುದೋ ಭಾಷೆಗೆ ಆಡುತ್ತಿರುತ್ತದೆ. ಆ ಬಾಯಿಗೆ ನಮ್ಮ ಮಾತನ್ನು ಕೂರಿಸುವುದೇ ನನ್ನ ಹೊಟ್ಟೆಪಾಡು. ರಾಣಿಯಾಗಿದ್ದೇನೆ, ಸೊಸೆಯಾಗಿದ್ದೇನೆ, ಅಳಿಲಾಗಿದ್ದೇನೆ, ಒಮ್ಮೆ ಮಾತಾಡುವ ಹಡಗೂ ಆಗಿದ್ದೇನೆ. ಫೋನಿನಲ್ಲಿ ಯಾರಾದರೂ ‘ಹಲೋ’ ಅಂದರೆ ಸಾಕು, ಅವರಿಗೆ ನೆಗಡಿಯಾಗಿದೆಯೋ, ಅವರು ಸುಳ್ಳು ಹೇಳಲಿದ್ದಾರೋ, ಬಾಯಲ್ಲಿ ತುತ್ತಿದೆಯೋ ಹೇಳಿಬಿಡುತ್ತೇನೆ.

ಹೋದ ವರ್ಷ ನನಗೆ ಸಿಕ್ಕಿದ್ದು ನೆರಳಮ್ಮನ ಪಾತ್ರ. ಅದೊಂದು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ಇಪ್ಪತ್ತನಾಲ್ಕು ಕಂತು. ಸತ್ತುಹೋದ ನ್ಯಾಯಾಧೀಶೆಯೊಬ್ಬಳು, ಕೋರ್ಟಿನಿಂದ ಜಾರಿಕೊಂಡ ಪಾತಕಿಗಳನ್ನು ಹುಡುಕಿಕೊಂಡು ಬಂದು ಅವರ ನೆರಳನ್ನು ಕಿತ್ತುಕೊಂಡು ಹೋಗುತ್ತಾಳೆ. ನೆರಳು ಕಳೆದುಕೊಂಡವನು ಮೂರೇ ದಿನದಲ್ಲಿ ಒಣಗಿ ಸಾಯುತ್ತಾನೆ. ಮೂಲದಲ್ಲಿ ಅವಳಿಗೆ ನಾಲಿಗೆ ಹೊರಳದ ಹೆಸರಿತ್ತು. ಸ್ಟುಡಿಯೋದಲ್ಲಿ ನಾವು ನೆರಳಮ್ಮ ಅಂದುಬಿಟ್ಟೆವು. ನೆರಳು ಕೀಳುವ ಮುಂಚೆ ಪ್ರತಿ ಕಂತಿನಲ್ಲೂ ಅವಳದು ಒಂದೇ ಮಾತು: “ನಿನ್ನ ತಪ್ಪು ನಿನಗೆ ಗೊತ್ತು. ನನಗೂ ಗೊತ್ತು.”

ಆ ಧ್ವನಿಗಾಗಿ ನಾನು ಹತ್ತು ದಿನ ಒದ್ದಾಡಿದೆ. ಕಿರುಚಿದರೆ ರಾಕ್ಷಸಿಯಾಗುತ್ತಿದ್ದಳು, ಪಿಸುಗುಟ್ಟಿದರೆ ನೆಗಡಿಯಾದ ಟೀಚರಾಗುತ್ತಿದ್ದಳು. ಕೊನೆಗೆ ಹೊಟ್ಟೆಯ ತಳದಿಂದ, ಉಸಿರನ್ನು ಅಲ್ಲಾಡಿಸದೆ, ಹವಾಮಾನ ವರದಿ ಓದುವಷ್ಟು ಸಮಾಧಾನದಲ್ಲಿ ಹೇಳಿದಾಗ ಗಾಜಿನಾಚೆ ಕೂತಿದ್ದ ಸೌಂಡ್ ಇಂಜಿನಿಯರ್ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟ. ಆಗ ನನಗೆ ಧ್ವನಿ ಸಿಕ್ಕಿತು ಅಂತ ಗೊತ್ತಾಯಿತು.

ಡೈರೆಕ್ಟರಿಗೆ ಮಾತ್ರ ಒಂದು ಕೊಸರು ಉಳಿದಿತ್ತು. “ಮೇಡಂ, ಇವಳಿಗೆ ಒಂದು ಸಲನಾದ್ರೂ ಅನುಮಾನ ಬರಲ್ವಾ? ತಪ್ಪು ಮನುಷ್ಯನ್ನ ಹಿಡಿದ್ರೆ ಅಂತ? ಒಂಚೂರು ಅಳುಕು ಹಾಕಿ ನೋಡೋಣ.”

“ಅಳುಕು ಹಾಕಿದ್ರೆ ಈ ಧ್ವನಿ ಬರಲ್ಲ,” ಅಂದೆ. “ಅನುಮಾನ ಇರೋರು ನ್ಯಾಯ ಕೊಡೋಕೆ ಹೊರಡಬಾರದು.”

ಎಷ್ಟು ಚೆನ್ನಾಗಿ ಹೇಳಿದೆ ಅಂತ ಆವತ್ತೆಲ್ಲ ಬೀಗುತ್ತಿದ್ದೆ.

ಅದೇ ತಿಂಗಳು ನನ್ನ ಅಕ್ಕನ ಮಗಳ ಮದುವೆ ಮುರಿದುಬಿತ್ತು. ಹುಡುಗನನ್ನು ಹುಡುಕಿದ್ದು ನಾನು. ಎತ್ತರದ ಹುಡುಗ, ಒಳ್ಳೆ ಕೆಲಸ, ಗಟ್ಟಿ ಧ್ವನಿ. ಮದುವೆಯ ದಿನ ನಿಗದಿಯಾದ ಮೇಲೆ ಅವರ ಮನೆಗೆ ಯಾರೋ ಫೋನ್ ಮಾಡಿ, ಹುಡುಗಿಗೆ ಮೂರ್ಛೆ ಬೀಳುವ ಕಾಯಿಲೆಯಿದೆ, ದಿನಕ್ಕೆ ಎರಡು ಮಾತ್ರೆ ನುಂಗದಿದ್ದರೆ ಆಗುವುದಿಲ್ಲ ಅಂತ ಹೇಳಿಬಿಟ್ಟರು. ಶುದ್ಧ ಸುಳ್ಳು. ಹುಡುಗನ ಕಡೆಯವರು ಅದನ್ನು ರೆಕಾರ್ಡ್ ಮಾಡಿಕೊಂಡು, ನಮಗೊಂದು ಪ್ರತಿ ಕಳಿಸಿ, ಸಂಬಂಧ ಬೇಡ ಅಂದರು. ಅಕ್ಕ ಮೂರು ದಿನ ಅನ್ನ ಮುಟ್ಟಲಿಲ್ಲ. ಹುಡುಗಿ ಮಾತ್ರ ಮಾಮೂಲಿನಂತೆ ಕೆಲಸಕ್ಕೆ ಹೋಗಿಬರುತ್ತಿದ್ದಳು. ಪಾಪ, ದುಃಖ ನುಂಗಿಕೊಂಡಿದ್ದಾಳೆ ಅಂದುಕೊಂಡೆ.

ನಾನು ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗನ್ನು ಇಪ್ಪತ್ತು ಸಲ ಕೇಳಿದೆ. ಬೇಕಾಗಿದ್ದದ್ದು ಒಂದೇ ಸಲ. ಪ್ರತಿ ಮಾತಿಗೂ ಮುಂಚೆ ಹಲ್ಲಿನ ಸಂದಿಯಿಂದ ಒಂದು ಚಿಕ್ಕ ಉಸಿರು, ಮಾತಿನ ಕೊನೆಗೊಂದು ‘ಅಲ್ವಾ’. “ದಿನಕ್ಕೆ ಎರಡು ಮಾತ್ರೆ ತಗೋಬೇಕು, ಅಲ್ವಾ.” ಅದು ಸ್ಟುಡಿಯೋದ ಎದುರು ಔಷಧಿ ಅಂಗಡಿ ಇಟ್ಟಿರುವ ಮನುಷ್ಯ. ನಾವೆಲ್ಲ ಅವರನ್ನು ‘ಡಾಕ್ಟ್ರೇ’ ಅನ್ನುತ್ತಿದ್ದೆವು. ಅವರು ಡಾಕ್ಟರಲ್ಲ, ಹಾಗೆ ಕರೆಯಬೇಡಿ ಅಂತಲೂ ಹೇಳುತ್ತಿರಲಿಲ್ಲ. ನಮ್ಮ ಸ್ಟುಡಿಯೋದ ಗಂಟಲುಗಳೆಲ್ಲ ಅವರ ಅಂಗಡಿಯ ಗುಳಿಗೆ ಚೀಪಿಯೇ ಬದುಕಿದ್ದವು. ಅವರಿಗೆ ನಮ್ಮ ಮೇಲೆ ಏನು ಸಿಟ್ಟು ಅಂತ ಯೋಚಿಸಿದೆ. ಕಾರಣ ತಕ್ಷಣ ಹೊಳೆಯಿತು. ಅದರ ಹಿಂದಿನ ತಿಂಗಳು ನಾನು ಅವರ ಕೆಮ್ಮಿನ ಔಷಧಿಯನ್ನು ‘ಬಣ್ಣದ ನೀರು’ ಅಂತ ಹತ್ತು ಜನರೆದುರು ಹೇಳಿದ್ದೆ.

ಪೊಲೀಸರ ಹತ್ತಿರ ಹೋಗಬಹುದಿತ್ತು. ಹೋಗಿ ಏನು ಹೇಳುವುದು, ಹಲ್ಲಿನ ಸಂದಿಯ ಉಸಿರು ಅಂತಲೇ? ಅವರಿಗೆ ನನ್ನ ಕಿವಿ ಇಲ್ಲ. ನನ್ನ ಹತ್ತಿರವಾದರೋ ಕಿವಿಯೂ ಇತ್ತು, ನೆರಳಮ್ಮನೂ ಇದ್ದಳು. ಸರಣಿ ಇನ್ನೂ ಪ್ರಸಾರವಾಗಿರಲಿಲ್ಲ, ಆ ಧ್ವನಿಯನ್ನು ಹೊರಗಿನವರು ಯಾರೂ ಕೇಳಿರಲಿಲ್ಲ.

ಸ್ಟುಡಿಯೋದ ಎರಡನೇ ಮಹಡಿಯ ಮೆಟ್ಟಿಲ ಹತ್ತಿರ ಒಂದು ಹಳೆಯ ಫೋನಿದೆ. ಪಕ್ಕದ ಕಿಟಕಿಯಿಂದ ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆ ನೇರ ಕಾಣಿಸುತ್ತದೆ. ಅಂಗಡಿಯದೂ ನಂಬರ್ ತೋರಿಸದ ಹಳೇ ಕಾಲದ ಫೋನು. ಮಧ್ಯಾಹ್ನ ಎರಡೂವರೆಗೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಮಾಡಿದೆ.

“ನಿನ್ನ ತಪ್ಪು ನಿನಗೆ ಗೊತ್ತು. ನನಗೂ ಗೊತ್ತು.”

ಡಾಕ್ಟ್ರು “ಯಾರು?” ಅಂದರು. ನಾನು ಫೋನ್ ಇಟ್ಟೆ. ಅವರು ತುಂಬ ಹೊತ್ತು ರಿಸೀವರನ್ನು ನೋಡುತ್ತ ನಿಂತಿದ್ದರು. ಮಾರನೇ ದಿನ ಮಾಡಿದಾಗ ‘ಯಾರು’ ಅಂತಲೂ ಅನ್ನಲಿಲ್ಲ, ಉಸಿರು ಮಾತ್ರ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಇಪ್ಪತ್ತಾರು ವರ್ಷ ಬೇರೆಯವರ ಬಾಯಿಗೆ ಮಾತು ಕೊಟ್ಟವಳು, ಮೊದಲ ಸಲ ನನ್ನ ಮನೆಯವರಿಗಾಗಿ ಮಾತಾಡಿದ್ದೆ.

ಮೂರನೇ ದಿನ ಅವರು ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡಿದ್ದರು. ನಾನು ಮಾತು ಮುಗಿಸಿದ ಕೂಡಲೇ, “ಆವತ್ತು ನಮ್ಮಮ್ಮ ಎರಡು ಸಲ ಫೋನ್ ಮಾಡಿದ್ರು,” ಅಂದರು. “ಅಂಗಡಿ ತುಂಬ ಜನ ಇದ್ರು. ನಾನು ಎತ್ತಲಿಲ್ಲ.” ಆಮೇಲೆ ಅವರು ಅತ್ತರು.

ನಾನು ಫೋನ್ ಇಟ್ಟುಬಿಟ್ಟೆ. ನಟನೆಯ ಅಳು ಯಾವುದು, ನಿಜದ ಅಳು ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ನಿಜದ್ದು. ಆದರೂ, ಇದೂ ಒಂದು ತಪ್ಪು, ಅದೂ ಒಂದು ತಪ್ಪು, ಎರಡಕ್ಕೂ ಸೇರಿ ಅನುಭವಿಸಲಿ ಅಂತ ನನ್ನನ್ನು ನಾನು ಒಪ್ಪಿಸಿಕೊಂಡೆ. ಮಾರನೇ ದಿನ ಅಂಗಡಿ ತೆರೆಯಲಿಲ್ಲ. ಅದರ ಮಾರನೇ ದಿನವೂ ಇಲ್ಲ.

ನಮ್ಮಲ್ಲಿ ಖಳನಾಯಕರಿಗೆಲ್ಲ ಧ್ವನಿ ಕೊಡುವವನನ್ನು ಗುಮ್ಮ ಅನ್ನುತ್ತೇವೆ. ಇರುವೆಯನ್ನೂ ದಾಟಿ ನಡೆಯುವ ಪ್ರಾಣಿ. ಕೆಲಸವನ್ನೆಲ್ಲ ನನ್ನ ಕೈಕೆಳಗೇ ಕಲಿತವನು, ನಮ್ಮ ಮನೆಗೂ ಬಂದು ಹೋಗುವವನು. ಆವತ್ತು ಗಂಟಲು ಕಟ್ಟಿ, ಗುಳಿಗೆ ಸಿಗದೆ ಪರದಾಡುತ್ತಿದ್ದ. “ಡಾಕ್ಟ್ರ ಅಂಗಡಿ ಯಾಕೆ ಮುಚ್ಚಿದೆ ಮೇಡಂ?” ಅಂದ.

ನನಗೆ ತಡೆಯಲಾಗಲಿಲ್ಲ. ರೆಕಾರ್ಡಿಂಗಿನಿಂದ ಹಿಡಿದು ಮೂರು ಫೋನಿನವರೆಗೆ ಎಲ್ಲ ಹೇಳಿದೆ, ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ. ಕೇಳುತ್ತ ಕೇಳುತ್ತ ಗುಮ್ಮನ ಮುಖ ಬಿಳಿಚಿಕೊಂಡಿತು. ಅವನು ಕುರ್ಚಿಯ ಮೇಲೆ ಕುಸಿದು, ಹಲ್ಲಿನ ಸಂದಿಯಿಂದ ಒಂದು ಚಿಕ್ಕ ಉಸಿರೆಳೆದು, “ದಿನಕ್ಕೆ ಎರಡು ಮಾತ್ರೆ ತಗೋಬೇಕು, ಅಲ್ವಾ,” ಅಂದ.

ಡಾಕ್ಟ್ರೇ ಬಂದು ಕೂತ ಹಾಗಿತ್ತು.

“ಆ ಫೋನ್ ಮಾಡಿದ್ದು ನಾನು. ನಿಮ್ಮ ಅಕ್ಕನ ಮಗಳೇ ಕೇಳಿದ್ದು,” ಅಂದ. “ಮದುವೆ ಬೇಡ, ಮನೆಯಲ್ಲಿ ಯಾರೂ ನನ್ನ ಮಾತು ಕೇಳ್ತಿಲ್ಲ, ಹೇಗಾದ್ರೂ ತಪ್ಪಿಸಿ ಅಂತ ಕೈ ಮುಗಿದಳು. ಮಾತನ್ನೂ ಅವಳೇ ಬರೆದುಕೊಟ್ಟಳು.”

“ಅವರ ಧ್ವನಿ ಯಾಕೆ ತಗೊಂಡೆ?”

“ನೀವೇ ಕಲಿಸಿದ್ದಲ್ವಾ ಮೇಡಂ. ಧ್ವನಿಯನ್ನ ಹುಟ್ಟಿಸೋಕೆ ಹೋಗಬೇಡ, ಬೀದಿಯಲ್ಲಿ ಓಡಾಡೋ ಮನುಷ್ಯನಿಂದ ಎತ್ತಿಕೋ ಅಂತ. ಮಾತ್ರೆ ಅಂದ ಕೂಡಲೇ ಡಾಕ್ಟ್ರು ನೆನಪಾದ್ರು. ಯಾರಾದ್ರೂ ಅವರನ್ನ ಗುರುತು ಹಿಡೀತಾರೆ ಅಂತ ನನಗೆ ಹೊಳೀಲೇ ಇಲ್ಲ.”

ಯಾರೂ ಹಿಡಿಯುತ್ತಿರಲಿಲ್ಲ. ಇಡೀ ಊರಿನಲ್ಲಿ ಅಂಥ ಕಿವಿ ಇದ್ದದ್ದು ನನಗೊಬ್ಬಳಿಗೇ.

ನೆಟ್ಟಗೆ ಹುಡುಗಿ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದೆ. ಅವಳು ಒಬ್ಬ ಮುದುಕರ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು. ಮುದುಕರನ್ನು ಕಳಿಸಿ ಬಂದಳು.

“ನನಗೆ ಹೇಳೋಕೇನಾಗಿತ್ತು?” ಅಂದೆ.

“ಹೇಳಿದೆ ಚಿಕ್ಕಮ್ಮ, ಮೂರು ಸಲ. ಮೊದಲನೇ ಸಲ ನೀವು ಹುಡುಗನ ಎತ್ತರದ ಬಗ್ಗೆ ಮಾತಾಡ್ತಿದ್ರಿ. ಎರಡನೇ ಸಲ, ಆಮೇಲೆ ಹೇಳು ಅಂದ್ರಿ. ಮೂರನೇ ಸಲ ನಾನು ‘ನನಗೆ’ ಅನ್ನೋಷ್ಟರಲ್ಲಿ, ‘ನಾಚಿಕೆ, ಗೊತ್ತು ಬಿಡು’ ಅಂದ್ರಿ.” ಕನ್ನಡಕ ಒರೆಸುವ ಬಟ್ಟೆಯನ್ನು ಮಡಚುತ್ತ ಅಂದಳು, “ಆ ಹುಡುಗನೂ ನಿಮ್ಮ ಹಾಗೇ, ಮಾತು ಮುಗಿಸೋಕೆ ಬಿಡಲ್ಲ. ಮನೆಗೆ ಒಬ್ಬರು ಸಾಕಲ್ವಾ?”

ಬೈಯಬೇಕು ಅಂತ ಬಾಯಿ ತೆರೆದೆ. ಡಾಕ್ಟ್ರ ವಿಷಯ ಹೇಳಿದೆ. ಅವಳ ಕೈ ನಿಂತಿತು. “ಅವರಿಗೆ ನಾನೂ ಬಂದು ಹೇಳ್ತೀನಿ,” ಅಂದಳು. ಮೊದಲು ನಾನು ಹೋಗಬೇಕು ಅಂದೆ.

ಡಾಕ್ಟ್ರ ಮನೆ ಅಂಗಡಿಯ ಮೇಲೇ. ಬಾಗಿಲು ತೆರೆದವರು ಗಡ್ಡ ಬಿಟ್ಟಿದ್ದರು, ಅಂಗಿ ಹಿಂದಿನ ದಿನದ್ದು. ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ. ಅಂಗಡಿಯ ಫೋನನ್ನು ವೈರ್ ಸಮೇತ ಕಿತ್ತು ತಂದು ಮೇಜಿನ ಮೇಲಿಟ್ಟು, ಅದರ ಮೇಲೆ ಟವೆಲ್ ಹೊದಿಸಿದ್ದರು. ಅದನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು.

ಕೂರದೆಯೇ ಎಲ್ಲ ಹೇಳಿದೆ. ಈ ಸಲ ಉಪ್ಪುಖಾರ ಹಚ್ಚಲಿಲ್ಲ. “ನನ್ನ ತಪ್ಪು ನನಗೆ ಗೊತ್ತಾಗಿದೆ. ನಿಮಗೂ ಗೊತ್ತಾಗಲಿ ಅಂತ ಬಂದೆ,” ಅಂದೆ. ಬೈಗುಳಕ್ಕೆ ತಯಾರಾಗಿ ನಿಂತೆ.

ಅವರು ಬೈಯಲಿಲ್ಲ. “ಹಾಗಾದ್ರೆ ಅಮ್ಮನ ವಿಷಯ ನಿಮಗೇನೂ ಗೊತ್ತಿರಲಿಲ್ಲ,” ಅಂದರು.

“ಇಲ್ಲ ಡಾಕ್ಟ್ರೇ.”

“ಅಮ್ಮ ಹೋಗಿ ಆರು ವರ್ಷ ಆಯ್ತು. ಯಾರಿಗೂ ಹೇಳಿರಲಿಲ್ಲ. ಆ ಧ್ವನಿ ಬಂದಾಗ ಹೆದರಿಕೆಯಾಯ್ತು, ಒಂಥರಾ ನೆಮ್ಮದಿನೂ ಆಯ್ತು. ಕೊನೆಗೂ ಯಾರಿಗೋ ಗೊತ್ತಾಯ್ತಲ್ಲ ಅಂತ.” ಟವೆಲ್ ಹೊದ್ದ ಫೋನಿನ ಕಡೆ ನೋಡುತ್ತ ಅಂದರು, “ಒಂದು ಉಪಕಾರ ಮಾಡಿ ಮೇಡಂ. ಅದೇ ಧ್ವನಿಯಲ್ಲಿ ನನ್ನ ತಪ್ಪಿಲ್ಲ ಅಂತ ಹೇಳಿಬಿಡಿ.”

“ನಿಮ್ಮ ತಪ್ಪಿಲ್ಲ ಡಾಕ್ಟ್ರೇ,” ಅಂದೆ.

“ಇದು ನಿಮ್ಮ ಧ್ವನಿ. ನೀವು ಒಳ್ಳೆಯವರು, ಹೇಳ್ತೀರಿ. ಅವಳು ಹೇಳಲಿ.”

ಶಿಕ್ಷೆ ಕೊಡುವ ಹಕ್ಕಿಲ್ಲದವಳಿಗೆ ಬಿಡುಗಡೆ ಕೊಡುವ ಹಕ್ಕು ಎಲ್ಲಿಂದ ಬಂತು ಅಂತ ತಲೆಯಲ್ಲಿ ಓಡಿತು. ಆದರೆ ಆ ಮನುಷ್ಯನ ಕುತ್ತಿಗೆಗೆ ಹಗ್ಗ ಹಾಕಿದವಳು ನಾನು; ಈಗ ಹಕ್ಕಿನ ಮಾತಾಡುತ್ತ ಕೂತರೆ ಅದಕ್ಕಿಂತ ನಾಚಿಕೆಗೇಡು ಇಲ್ಲ. ಉಸಿರನ್ನು ಹೊಟ್ಟೆಗಿಳಿಸಿ ಬಾಯಿ ತೆರೆದೆ. ಬಂದದ್ದು ನೆರಳಮ್ಮನಲ್ಲ. ಇಪ್ಪತ್ತಾರು ವರ್ಷದ ಅನುಭವದಿಂದ ಹೇಳುತ್ತೇನೆ, ಅದು ಅಳಿಲಿನ ಧ್ವನಿ.

ಇನ್ನೊಂದು ಸಲ ಮಾಡಿದೆ. ಮತ್ತೆ ಒಡೆಯಿತು. ಯಾಕೆ ಅಂತ ಡೈರೆಕ್ಟರಿಗೆ ನಾನೇ ಹೇಳಿದ್ದೆನಲ್ಲ. ನನಗೆ ಅವರ ತಪ್ಪಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನುವುದು ಈಗ ನನಗೆ ಗೊತ್ತಿತ್ತು.

ಕುರ್ಚಿ ಎಳೆದುಕೊಂಡು ಕೂತೆ. “ಮೊದಲಿಂದ ಹೇಳಿ ಡಾಕ್ಟ್ರೇ. ನಾನು ಮಧ್ಯೆ ಬಾಯಿ ಹಾಕಲ್ಲ.”

ಅವರು ಹೇಳಿದರು. ನನ್ನನ್ನು ಬಲ್ಲವರು ನಂಬುವುದಿಲ್ಲ, ಒಂದು ಗಂಟೆ ನಾನು ‘ಹೂಂ’ ಕೂಡ ಅನ್ನಲಿಲ್ಲ. ಅಮ್ಮ ತೀರಿಹೋದ ದಿನ, ಜನ ತುಂಬಿದ್ದ ಅಂಗಡಿಯಲ್ಲಿ ಹೆಂಗಸೊಬ್ಬಳು ಉಬ್ಬಸ ಬಂದ ಮಗುವನ್ನು ಎತ್ತಿಕೊಂಡು ನಿಂತಿದ್ದಳಂತೆ. ಮಗುವಿನ ತುಟಿ ನೀಲಿಯಾಗಿತ್ತಂತೆ. ಅಮ್ಮ ದಿನಕ್ಕೆ ಏಳೆಂಟು ಸಲ ಫೋನ್ ಮಾಡುವವರು, ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳುವುದಕ್ಕೂ. ಫೋನ್ ಬಡಿದುಕೊಂಡಿತು, ನಿಂತಿತು, ಇನ್ನೊಮ್ಮೆ ಬಡಿದುಕೊಂಡಿತು. ಇವರು ಮಗುವಿನ ಬಾಯಿಗೆ ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿ ಹಿಡಿದುಕೊಂಡಿದ್ದರು. ಮಗು ಉಸಿರಾಡಿತು. ಆಮೇಲೂ ಹತ್ತು ನಿಮಿಷ ಸಿಕ್ಕಿತ್ತು. ಆಗ ಸುಸ್ತಾಗಿ, ಉಪ್ಪಿನ ಡಬ್ಬಿಯೇ ಇರಬೇಕು ಅಂತ ಚಹಾ ಕುಡಿದರು. ಅಮ್ಮನ ಮನೆ ಮುಕ್ಕಾಲು ಗಂಟೆ ದಾರಿ. ಎರಡನೇ ಫೋನಿನ ಜೊತೆಗೇ ಹೃದಯ ನಿಂತಿತ್ತು ಅಂತ ಡಾಕ್ಟರು, ನಿಜವಾದ ಡಾಕ್ಟರು, ಹೇಳಿದರಂತೆ. ರಿಸೀವರ್ ಅಮ್ಮನ ಕೈಯಲ್ಲೇ ಇತ್ತಂತೆ.

“ಏನು ಹೇಳೋಕೆ ಮಾಡಿದ್ರೋ,” ಅಂದರು ಡಾಕ್ಟ್ರು. ಅಲ್ಲಿಗೆ ಮಾತು ಮುಗಿಯಿತು.

ಮುಗಿಯಿತು ಅಂತ ಖಾತ್ರಿಯಾಗುವವರೆಗೆ ಕಾದೆ. ಆಮೇಲೆ ಬಾಯಿ ತೆರೆದೆ. ಧ್ವನಿ ತಾನಾಗಿ ಬಂತು, ಹೊಟ್ಟೆಯ ತಳದಿಂದ, ಒಂದು ಕೂದಲೂ ಅಲುಗದೆ.

“ಚಹಾ ಕುಡಿಯೋ ಹೊತ್ತಿಗೆ ನೀನು ಫೋನ್ ಮಾಡಬೇಕಿತ್ತು. ಅದು ನಿನ್ನ ತಪ್ಪು, ಅದು ನಿನಗೆ ಗೊತ್ತು. ಅಮ್ಮ ಸತ್ತದ್ದು ನಿನ್ನ ತಪ್ಪಲ್ಲ. ಅದು ನನಗೆ ಗೊತ್ತು.”

ಡಾಕ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಮುಖ ಒರೆಸಿಕೊಂಡು, ಫೋನಿನ ಮೇಲಿದ್ದ ಟವೆಲ್ ತೆಗೆದು, ಕೊಡವಿ, ಕಿಟಕಿಗೆ ಹಾಕಿದರು. “ಆ ಗುಮ್ಮನಿಗೆ ಹೇಳಿ,” ಅಂದರು, “ನಾನು ಅಷ್ಟು ಸಲ ‘ಅಲ್ವಾ’ ಅನ್ನಲ್ಲ.”

“ಅಂತೀರಿ ಡಾಕ್ಟ್ರೇ.”

“ಅಂತೀನಾ?” ಅವರು ಫೋನನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದರು. “ಕೆಳಗೆ ಇದನ್ನ ಸಿಕ್ಕಿಸ್ತೀನಿ. ನೀವು ನಿಮ್ಮ ಮಹಡಿಗೆ ಹೋಗಿ ಒಂದು ಸಲ ಮಾಡಿ ನೋಡಿ, ಲೈನ್ ಸರಿ ಇದೆಯಾ ಅಂತ.”

ರಸ್ತೆ ದಾಟಿ, ಎರಡು ಮಹಡಿ ಹತ್ತಿ, ಅದೇ ಕಿಟಕಿಯ ಹತ್ತಿರ ನಿಂತು ನಂಬರ್ ಒತ್ತಿದೆ. ಎದುರಿಗೆ ಅಂಗಡಿಯ ಬಾಗಿಲು ಅರ್ಧ ಮೇಲೆದ್ದಿತ್ತು. ಮೊದಲನೇ ರಿಂಗ್ ಮುಗಿಯುವುದರೊಳಗೆ ಅವರು ಎತ್ತಿದರು.

“ನಾನು ಡಾಕ್ಟ್ರೇ,” ಅಂದೆ, ನನ್ನ ಧ್ವನಿಯಲ್ಲಿ.

“ಹೇಳಿ ಮೇಡಂ,” ಅಂದರು, “ಕೇಳ್ತಿದ್ದೀನಿ.”